ಉಪ್ಪಿನಕಾಯಿಗೊಂದು ಜಾರುಬಂಡೆ

ನಮ್ಮ ಗೋದಾಮಿಗೆ ಹೊಸ ರ‍್ಯಾಕು ಬಂದ ದಿನ ನಾನು ಮನೆಗೆ ಬೇರೆಯೇ ಮನುಷ್ಯನಾಗಿ ಮರಳಿದೆ.

ಗರುಡಾಚಾರ್‌ಪಾಳ್ಯದ ಆ ಗೋದಾಮಿನಲ್ಲಿ ನಾನು ಸೂಪರ್‌ವೈಸರ್. ಸೋಪು, ಬಿಸ್ಕತ್ತು, ಶಾಂಪೂ ಪೆಟ್ಟಿಗೆಗಳು ಲಾರಿಯಿಂದ ಇಳಿದು, ಆರ್ಡರ್ ಬಂದ ಹಾಗೆ ಅಂಗಡಿಗಳಿಗೆ ಹೋಗುವುದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ರ‍್ಯಾಕಿನ ಅಂತಸ್ತುಗಳು ಮುಂದಕ್ಕೆ ಕೊಂಚ ಇಳಿಜಾರು. ಅಂತಸ್ತಿನಲ್ಲಿ ಹಲಗೆಯ ಬದಲು ಸಾಲುಸಾಲು ಪುಟ್ಟ ಗಾಲಿಗಳು. ಹಿಂದಿನಿಂದ ಪೆಟ್ಟಿಗೆ ಇಟ್ಟರೆ ತಾನಾಗಿ ಜಾರಿಕೊಂಡು ಮುಂದೆ ಬಂದು ನಿಲ್ಲುತ್ತದೆ. ಮುಂದಿನದನ್ನು ತೆಗೆದರೆ ಅದರ ಹಿಂದಿನದು ಆ ಜಾಗಕ್ಕೆ ಬರುತ್ತದೆ. ಮೊದಲು ಹೋದದ್ದು ಮೊದಲು ಹೊರಗೆ. ಹಳೆಯ ಸರಕು ಮೂಲೆಯಲ್ಲಿ ಕೂತು ಕೊಳೆಯುವ ಮಾತೇ ಇಲ್ಲ!

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ವನಜಾಳಿಗೆ ಇದನ್ನೆಲ್ಲ ಕೈಯಾಡಿಸಿ ವಿವರಿಸಿದೆ.

"ಕರೆಂಟ್ ಬೇಡ, ಸಂಬಳ ಬೇಡ ಕಣೇ! ಭೂಮಿನೇ ಎಳ್ಕೊಳ್ಳುತ್ತೆ!"

"ಅನ್ನ ಆರ್ತಾ ಇದೆ ರೀ. ಅದು ತಾನಾಗಿ ಬಾಯಿಗೆ ಜಾರಲ್ಲ."

ಮಹತ್ತರವಾದ ವಿಚಾರಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ. ಆದರೆ ಅಂದು ನನ್ನ ಕಣ್ಣು ಅವಳ ಹಿಂದಿದ್ದ ಉಪ್ಪಿನಕಾಯಿ ಕಪಾಟಿನ ಮೇಲೆ ಬಿದ್ದಿತು. ಅಲ್ಲಿಂದಲೇ ಎಲ್ಲವೂ ಶುರುವಾಯಿತು.

ಮರ್ಫಿ ಟೌನಿನ ನಮ್ಮ ಮನೆಯ ಮುಂದಿನ ಕೋಣೆ ಹೆಸರಿಗೆ ಹಾಲ್. ನಿಜದಲ್ಲಿ ಅದು ವನಜಾಳ ಉಪ್ಪಿನಕಾಯಿ ಉಗ್ರಾಣ. ಅವಳು ಮಾವು, ನೆಲ್ಲಿ, ನಿಂಬೆ ಹಾಕಿ ಹಲಸೂರಿನ ಒಂದೆರಡು ಅಂಗಡಿಗಳಿಗೆ ಕೊಡುತ್ತಾಳೆ. ಹಳೆಯ ಭರಣಿಗಳು ಕಪಾಟಿನಲ್ಲಿ ಹಿಂದೆ, ಹೊಸವು ಮುಂದೆ. ಹಿಂದಿನದು ಬೇಕಾದರೆ ಸ್ಟೂಲ್ ಹತ್ತಬೇಕು, ಮುಂದಿನದನ್ನೆಲ್ಲ ಇಳಿಸಬೇಕು, ಮತ್ತೆ ಏರಿಸಬೇಕು. ಇಳಿದ ಮೇಲೆ ಮಂಡಿ ಹಿಡಿದುಕೊಂಡು "ಅಮ್ಮಾ" ಎನ್ನುತ್ತಾಳೆ. ಆ "ಅಮ್ಮಾ" ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಅದೊಂದು ಮಾತನ್ನು ಈ ಕಥೆಯಲ್ಲಿ ನನ್ನ ಪರವಾಗಿ ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಪರವಾಗಿ ಹೇಳಲು ಇನ್ನೇನೂ ಸಿಗುವುದಿಲ್ಲ.

ಆಗ ವನಜಾಳಿಗೆ ದೊಡ್ಡದೊಂದು ಅವಕಾಶ ಬಂದಿತ್ತು. ಗೋದಾಮಿನ ಪಕ್ಕದ ಬೀದಿಯಲ್ಲಿ ಶರಣಮ್ಮನ ಖಾನಾವಳಿ ಇದೆ. ಕಲಬುರಗಿ ಕಡೆಯಿಂದ ಬಂದು ಬಾಡಿಗೆ ಕೋಣೆಗಳಲ್ಲಿರುವ ನಮ್ಮ ಲೋಡರ್‌ಗಳೆಲ್ಲ ಊಟ ಮಾಡುವುದು ಅಲ್ಲೇ. ನನ್ನ ಬುತ್ತಿಯ ನಿಂಬೆಕಾಯಿ ಉಪ್ಪಿನಕಾಯಿ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿ ಶರಣಮ್ಮನ ನಾಲಗೆ ತಲುಪಿತ್ತು. ಅವರು ಖಾನಾವಳಿಯನ್ನು ದೊಡ್ಡ ಜಾಗಕ್ಕೆ ಬದಲಾಯಿಸುವವರಿದ್ದರು. "ಭಾನುವಾರ ಹೊಸ ಜಾಗದಾಗ ಮೊದಲ್ನೇ ಊಟ. ಆವತ್ತು ಎಲ್ಲಾರಿಗೂ ನಿಮ್ಮ ಉಪ್ಪಿನಕಾಯಿನೇ ಬಡಸ್ತೀನಿ. ಮಂದಿ ಹೌದು ಅಂದ್ರ, ಮುಂದ ಯಾವಾಗ್ಲೂ ನಿಮ್ಮದೇ" ಎಂದು ವನಜಾಳಿಗೆ ಮಾತು ಕೊಟ್ಟಿದ್ದರು.

ಅದಕ್ಕಾಗಿಯೇ ಅವಳು ಹೋದ ತಿಂಗಳು ಹಾಕಿದ ನಿಂಬೆಕಾಯಿಯನ್ನು ಯಾರಿಗೂ ಕೊಡದೆ ಮಾಗಲು ಬಿಟ್ಟಿದ್ದಳು. ಆ ಭರಣಿಗಳ ಬಾಯಿಗೆ ಬಿಳಿ ಬಟ್ಟೆ ಕಟ್ಟಿದ್ದಳು. ಮೊನ್ನೆಯಷ್ಟೇ ಹಾಕಿದ ನಿಂಬೆಕಾಯಿ ಬೇರೆ ಇತ್ತು, ಅದಕ್ಕೆ ಬಟ್ಟೆ ಇಲ್ಲ. ಇದೇ ಅವಳ ಪದ್ಧತಿ. ನನ್ನ ವೃತ್ತಿಪರ ದೃಷ್ಟಿಯಲ್ಲಿ ಅದು ಪದ್ಧತಿಯೇ ಅಲ್ಲ!

ಶನಿವಾರ ವನಜಾ ಬೆನ್ಸನ್ ಟೌನಿನ ತಂಗಿ ಮನೆಗೆ ಹೋದಳು. ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ನೇರ ಶರಣಮ್ಮನ ಸಹಾಯಕ್ಕೆ ಹೋಗುವುದು, ನಾನು ಉಪ್ಪಿನಕಾಯಿ ತರುವುದು ಎಂದು ತೀರ್ಮಾನವಾಗಿತ್ತು. ಅವಳ ಆಟೋ ತಿರುವು ದಾಟಿದ್ದೇ ತಡ, ನಾನು ಶಿವಾಜಿನಗರದ ಗುಜರಿಯಲ್ಲಿದ್ದೆ. ಯಾವುದೋ ಮುಚ್ಚಿದ ಗೋದಾಮಿನ ಗಾಲಿಪಟ್ಟಿಗಳು ಇಕ್ಬಾಲ್ ಭಾಯಿಯ ಅಂಗಡಿಯಲ್ಲಿವೆ ಎಂದು ಮೊದಲೇ ಪತ್ತೆ ಮಾಡಿದ್ದೆ. ಅವರು ಒಂದು ಗಾಲಿಯನ್ನು ಬೆರಳಿನಿಂದ ತಿರುಗಿಸಿ ತೋರಿಸಿದರು. ಅದು ನಿಲ್ಲಲೇ ಇಲ್ಲ.

"ನೋಡಿ ಸಾರ್, ಎಕ್‌ದಮ್ ಮಕ್ಕನ್, ಬೆಣ್ಣೆ ಥರ! ಯಾವ ಗೋಡೌನಿಗೆ?"

"ಮನೆಗೆ. ಉಪ್ಪಿನಕಾಯಿಗೆ."

ಇಕ್ಬಾಲ್ ಭಾಯ್ ಗಾಲಿ ತಿರುಗಿಸುವುದನ್ನು ನಿಲ್ಲಿಸಿದರು. "ಭಾಭಿಗೆ ಗೊತ್ತಾ?"

"ಸರ್‌ಪ್ರೈಸ್!"

"ಅಲ್ಲಾ ಕಾಪಾಡ್ಲಿ" ಎಂದು ಅವರೇ ನಿಂತು ಎಲ್ಲವನ್ನೂ ಆಟೋಗೆ ತುಂಬಿಸಿದರು.

ರ‍್ಯಾಕು ಎದ್ದು ನಿಂತಾಗ ಮಧ್ಯಾಹ್ನವಾಗಿತ್ತು. ನಿಂತ ಮೇಲೆ ಮುಂಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಅಡ್ಡಡ್ಡ ನುಸುಳಿದರಾಯಿತು, ಆಧುನಿಕತೆಗೆ ಅಷ್ಟಾದರೂ ಬೆಲೆ ಕೊಡಬೇಡವೇ? ಭರಣಿಗಳನ್ನು ತರಕಾರಿ ಕ್ರೇಟಿನಲ್ಲಿಟ್ಟು ಮೊದಲ ಕ್ರೇಟನ್ನು ಏರಿಸಿದೆ. ಅದು ಕದಲಲಿಲ್ಲ. ರ‍್ಯಾಕಿನ ಹಿಂಗಾಲಿನ ಕೆಳಗೆ ಒಂದು ಇಟ್ಟಿಗೆ ಕೊಟ್ಟೆ. ಕದಲಲಿಲ್ಲ. ಇನ್ನೊಂದು ಕೊಟ್ಟೆ. ಕ್ರೇಟು ರೈಲಿನಂತೆ ಬಂದು ಮುಂದಿನ ತಡೆಪಟ್ಟಿಗೆ ಢಮ್ ಎಂದು ಬಡಿಯಿತು! ಒಂದು ಮುಚ್ಚಳ ಹಾರಿ ದೇವರ ಮುಂದೆ ಬಿತ್ತು. ಅಪಶಕುನ ಎಂದು ಆಗಲೇ ತಿಳಿಯಬೇಕಿತ್ತು. ನಾನು ಅದನ್ನು ಪ್ರಸಾದ ಎಂದುಕೊಂಡೆ. ಗಾಲಿಗಳ ನಡುವೆ ಹಳೆಯ ಟವೆಲಿನ ಚೂರುಗಳನ್ನು ತುರುಕಿದ ಮೇಲೆ ಕ್ರೇಟುಗಳು ಮದುಮಗಳಂತೆ ಮೆಲ್ಲಗೆ ನಡೆಯತೊಡಗಿದವು.

ಬಿಳಿ ಬಟ್ಟೆಗಳು ಮಾತ್ರ ಮೇಲಿನ ಅಂತಸ್ತಿನ ಗಾಲಿಗೆ ಸಿಕ್ಕಿಕೊಳ್ಳುತ್ತಿದ್ದವು. ಎಲ್ಲವನ್ನೂ ಬಿಚ್ಚಿ, ಮಡಿಸಿ, ಬೀರುವಿನಲ್ಲಿಟ್ಟೆ. ಹೊಸ ವ್ಯವಸ್ಥೆಯಲ್ಲಿ ಗುರುತು ಯಾಕೆ? ರ‍್ಯಾಕೇ ಗುರುತು!

ಇನ್ನು ಒಂದು ಸಣ್ಣ ತೊಡಕು ಉಳಿಯಿತು. ಗೋದಾಮಿನ ರ‍್ಯಾಕಿಗೆ ಹಿಂದೊಂದು ಓಣಿ ಇದೆ, ಮುಂದೊಂದು ಓಣಿ ಇದೆ. ಹಿಂದಿನಿಂದ ತುಂಬುವುದು, ಮುಂದಿನಿಂದ ತೆಗೆಯುವುದು. ನಮ್ಮ ಹಾಲಿನಲ್ಲಿ ರ‍್ಯಾಕಿನ ಹಿಂದೆ ಇರುವುದು ಗೋಡೆ. ನಾನು ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ. ನಂತರ "ಅಯ್ಯೋ, ಮುಂದಿನಿಂದಲೇ ಹಾಕಿ ಹಿಂದಕ್ಕೆ ತಳ್ಳಿದರಾಯಿತು" ಎಂದುಕೊಂಡೆ. ಮೊದಲು ಹೋದದ್ದು ಮೊದಲು ಹೊರಗೆ ತಾನೇ? ಹಾಗಾಗಿ ಹಳೆಯ ನಿಂಬೆಕಾಯಿಯನ್ನು ಅತ್ಯಂತ ಗೌರವದಿಂದ ಎಲ್ಲಕ್ಕಿಂತ ಮೊದಲು ಇಟ್ಟೆ. ಅದರ ಮುಂದೆ ಮಾವು, ನೆಲ್ಲಿ ಇಟ್ಟು ತಳ್ಳಿದೆ. ಕೊನೆಯಲ್ಲಿ ಮೊನ್ನೆಯ ನಿಂಬೆಕಾಯಿ.

ಓದುತ್ತಿರುವ ನಿಮಗೆ ಈಗಾಗಲೇ ಗೊತ್ತಾಗಿದೆ. ಗೋದಾಮಿನಲ್ಲಿ ಬೇರೆಯವರಿಗೆ ತರಬೇತಿ ಕೊಡುವ ನನಗೆ ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ವನಜಾ ಫೋನ್ ಮಾಡಿದಳು. "ನಿಂಬೆಕಾಯಿ, ಹಳೇದು ತಾನೇ ತರ್ತೀರಾ? ನೋಡ್ಕೊಂಡು ತನ್ನಿ ರೀ. ಇದೊಂದು ಕೈ ಹಿಡಿದ್ರೆ ಸಾಕು ನಂಗೆ."

"ನಾನಿಲ್ವಾ? ನೀನು ಆರಾಮಾಗಿರು!"

ಮುಂದಿನ ಕ್ರೇಟನ್ನು ಎತ್ತಿದೆ. ನಿಂಬೆಕಾಯಿಯೇ! ಅದರ ಹಿಂದಿನ ಕ್ರೇಟು ಮೆಲ್ಲಗೆ ಜಾರಿ ಆ ಜಾಗಕ್ಕೆ ಬಂದಿತು. ಖಾಲಿ ಮನೆಯಲ್ಲಿ ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ.

ಖಾನಾವಳಿಯಲ್ಲಿ ಮೊದಲ ಪಂಕ್ತಿಗೆ ನಮ್ಮ ಲೋಡರ್‌ಗಳೇ ಕೂತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಮಾದಲಿ. ವನಜಾ ಒಳಗೆ ಒಲೆಯ ಮುಂದಿದ್ದಳು. ಬಡಿಸುವವರ ಕೈಯಿಂದ ಸೌಟು ಕಸಿದುಕೊಂಡು ನಾನೇ ಪ್ರತಿ ತಟ್ಟೆಗೂ ಉಪ್ಪಿನಕಾಯಿ ಹಾಕುತ್ತ ಹೋದೆ. "ನಮ್ಮ ಮನೇದು, ಚೆನ್ನಾಗಿ ಮಾಗಿದ್ದು" ಎಂದು ಬಿಟ್ಟಿ ಪ್ರಚಾರ ಬೇರೆ!

ಎಲ್ಲರೂ ರೊಟ್ಟಿಯ ಜೊತೆ ಒಂದೊಂದು ಹೋಳು ಬಾಯಿಗಿಟ್ಟರು. ನಂತರ ಒಂದೊಂದೇ ಮುಖ ಕಿವುಚಿಕೊಳ್ಳತೊಡಗಿತು. ಒಬ್ಬ ಹೋಳನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದ. ದಿನವೂ ನನ್ನ ಮಾತಿಗೆ ತಲೆಯಾಡಿಸುವ ಬಸಣ್ಣ ಎಂಬ ಲೋಡರ್, ನೊಂದ ದನಿಯಲ್ಲಿ ಕೇಳಿದ: "ಸಾಹೇಬ್ರ, ಇದು ಉಪ್ಪಿನಕಾಯೋ, ಜ್ವರದ ಔಷಧನೋ?"

ಶರಣಮ್ಮ ಒಂದು ಹೋಳು ಬಾಯಿಗಿಟ್ಟರು. ಅಗಿದರು. ಅಗಿಯುವುದನ್ನು ನಿಲ್ಲಿಸಿದರು. "ವನಜಕ್ಕಾ, ಹೊರಗ ಬರ್ರಿ. ನಿಮ್ಮ ಲಿಂಬಿಕಾಯಿ ಇನ್ನಾ ಗಿಡದ ಮ್ಯಾಲ ಅದಾವೇನು?"

ವನಜಾ ಬಂದಳು. ಭರಣಿಯೊಳಗಿನ ಬಣ್ಣವನ್ನು ಒಮ್ಮೆ ನೋಡಿದಳು. ನನ್ನನ್ನು ಒಮ್ಮೆ ನೋಡಿದಳು.

"ಬಟ್ಟೆ ಕಟ್ಟಿದ್ದು ಎಲ್ಲಿ ರೀ?"

"ಬಟ್ಟೆ... ಬೀರುವಿನಲ್ಲಿ."

"ಉಪ್ಪಿನಕಾಯಿ?"

"ಗೋಡೆ ಹತ್ರ. ಎಲ್ಲಕ್ಕಿಂತ ಹಿಂದೆ." ಹೇಳುತ್ತಿರುವಾಗಲೇ ನನಗೆ ನನ್ನ ಇಡೀ ವ್ಯವಸ್ಥೆ ಅರ್ಥವಾಯಿತು. ಮುಂದಿನಿಂದ ತುಂಬಿ ಮುಂದಿನಿಂದಲೇ ತೆಗೆದರೆ, ಮೊದಲು ಹೋದದ್ದು ಕೊನೆಗೆ ಹೊರಗೆ!

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು. ನನಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸಿತು.

ಶರಣಮ್ಮನೇ ದಾರಿ ತೋರಿಸಿದರು. "ಇವ್ರು ನಮ್ಮ ಮಂದಿ, ನಡೀತದ. ಎರಡ್ನೇ ಪಂಕ್ತಿಗೆ ಮನಿ ಮಾಲಕ್ರು, ಪಿಜಿ ನಡಸೋರು ಬರ್ತಾರ. ಅವ್ರು ಕೂಡೋದ್ರಾಗ ತರ್ತೀರೇನ್ರಿ?"

ಮೆಟ್ರೋ ಹಿಡಿದು ಹಲಸೂರಿನಲ್ಲಿ ಇಳಿದು ಓಡಿದೆ. ಅರ್ಧ ಬಾಗಿಲಲ್ಲಿ ಅಡ್ಡಡ್ಡ ನುಸುಳಿ ಮೊದಲ ಕ್ರೇಟು ಎಳೆದೆ. ಹಿಂದಿನದು ಬಂದಿತು. ಅದನ್ನೂ ಎಳೆದೆ. ಅದರ ಹಿಂದಿನದು ಬಂದಿತು. ಈ ರ‍್ಯಾಕಿನ ಸೊಬಗೇ ಅದು, ಬೇಡವೆಂದರೂ ಬರುತ್ತಲೇ ಇರುತ್ತದೆ! ಸೋಫಾ ತುಂಬಿತು, ಮಂಚ ತುಂಬಿತು, ಟಿವಿ ಮೇಜು ತುಂಬಿತು. ಅವಸರಕ್ಕೆ ಅಡ್ಡವಾಗುತ್ತಿದ್ದ ತಡೆಪಟ್ಟಿಯನ್ನು ಬಿಚ್ಚಿ ಬಿಸಾಡಿದೆ. ಕ್ರೇಟುಗಳ ಓಡಾಟಕ್ಕೆ ಟವೆಲಿನ ಚೂರುಗಳೂ ಕಿತ್ತು ಬಂದಿದ್ದವು.

ಕೊನೆಗೆ ಉಳಿದದ್ದು ಒಂದೇ ಕ್ರೇಟು, ಗೋಡೆಗೆ ಒರಗಿಕೊಂಡು. ಹಳೆಯ ನಿಂಬೆಕಾಯಿ! ಅದು ಅಲ್ಲೇ ಎಲ್ಲೋ ಸಿಕ್ಕಿಕೊಂಡಿತ್ತು. ನಾನು ರ‍್ಯಾಕನ್ನು ಮೆಲ್ಲಗೆ ಅಲುಗಾಡಿಸಿದೆ.

ಎದುರಿಗೆ ಯಾವ ಕ್ರೇಟೂ ಇಲ್ಲ. ತಡೆಪಟ್ಟಿ ಇಲ್ಲ. ಟವೆಲ್ ಇಲ್ಲ. ಇರುವುದು ಎರಡು ಇಟ್ಟಿಗೆಯ ಇಳಿಜಾರು ಮತ್ತು ನನ್ನ ಹೊಟ್ಟೆ.

ಹೊಟ್ಟೆಯೇ ತಡೆಯಿತು! ಇಷ್ಟು ವರ್ಷ ಸಾಕಿದ್ದಕ್ಕೆ ಅಂದು ಅದು ಋಣ ತೀರಿಸಿತು. ಕ್ರೇಟನ್ನು ಅಪ್ಪಿಕೊಂಡೇ ನೆಲಕ್ಕೆ ಕೂತೆ. ಒಂದೇ ಒಂದು ಭರಣಿ ಒಡೆದು ಅದರ ಕೆಂಪು ರಸ ನನ್ನ ತಲೆಯಿಂದ ಪಂಚೆಯವರೆಗೆ ಇಳಿಯಿತು. ಉಳಿದವು ಕ್ಷೇಮ.

ಸದ್ದು ಕೇಳಿ ಬಂದ ಪಕ್ಕದ ಮನೆಯ ಸೆಲ್ವಿ ಅಕ್ಕ ಬಾಗಿಲ ಸಂದಿಯಲ್ಲಿ ಇಣುಕಿ ಚೀರಿದರು. "ಐಯ್ಯೋ, ರತ್ತಂ! ವನಜಾ ಮನೇವ್ರು ಹೋಗ್ಬಿಟ್ರು!"

"ಹೋಗಿಲ್ಲ ಅಕ್ಕಾ, ಹೋಗ್ಬೇಕು! ಬೇಗ ಒಂದು ಆಟೋ ಕರೀರಿ!"

ಆಟೋದವನು ನನ್ನನ್ನು ನೋಡಿದವನೇ ಬಾಡಿಗೆಯ ಮಾತೇ ಎತ್ತದೆ ಗಾಡಿ ಚಾಲೂ ಮಾಡಿದ. "ಯಾವ ಆಸ್ಪತ್ರೆ ಸಾರ್?"

"ಆಸ್ಪತ್ರೆ ಬೇಡ. ಗರುಡಾಚಾರ್‌ಪಾಳ್ಯ, ಶರಣಮ್ಮನ ಖಾನಾವಳಿ. ಊಟಕ್ಕೆ ಲೇಟಾಗ್ತಿದೆ!"

ಅವನು ಕನ್ನಡಿಯಲ್ಲಿ ನನ್ನನ್ನು ಮರುಕದಿಂದ ನೋಡಿದ. "ತಲೆಗೂ ಏಟು ಬಿದ್ದಿದೆ" ಎಂದು ಗೊಣಗಿ, ಹಾರ್ನ್ ಮೇಲಿಟ್ಟ ಕೈ ತೆಗೆಯದೆ ಓಡಿಸಿದ. ಹಳೇ ಮದ್ರಾಸು ರಸ್ತೆಯಲ್ಲಿ ಜನ ನನ್ನನ್ನು ಕಂಡು ತಾವಾಗಿ ದಾರಿ ಬಿಟ್ಟರು. ಕೆ.ಆರ್. ಪುರದ ಹತ್ತಿರ ಅವನಿಗೆ ಇಂಗಿನ ವಾಸನೆ ಬಂದಿರಬೇಕು. "ಸಾರ್, ಇದು ರಕ್ತನಾ?" ಎಂದ. "ನಿಂಬೆಕಾಯಿ" ಎಂದೆ. ಅವನು ಹಾರ್ನ್ ಮೇಲಿನ ಕೈ ತೆಗೆದ. ಆದರೆ ವೇಗ ಮಾತ್ರ ಕಡಿಮೆ ಮಾಡಲಿಲ್ಲ, ಪುಣ್ಯಾತ್ಮ.

ಎರಡನೇ ಪಂಕ್ತಿ ಆಗಷ್ಟೇ ಕೂತಿತ್ತು. ವನಜಾ ನನ್ನ ಅವತಾರ ಕಂಡು ಎದೆ ಹಿಡಿದುಕೊಂಡಳು. ಹತ್ತಿರ ಬಂದು ನನ್ನ ಭುಜದ ಮೇಲಿನ ರಸವನ್ನು ಬೆರಳಿನಿಂದ ಮುಟ್ಟಿ ನಾಲಗೆಗಿಟ್ಟುಕೊಂಡಳು.

"ಹಳೇದೇ" ಎಂದಳು. ಮುಖ ಅರಳಿತು. ಆಮೇಲೆ ನೆನಪಾದಂತೆ "ಎಲ್ಲಾದ್ರೂ ಪೆಟ್ಟಾಯ್ತಾ ರೀ?" ಎಂದು ಕೇಳಿದಳು. ಈ ಎರಡು ಮಾತುಗಳ ಕ್ರಮದ ಬಗ್ಗೆ ನನ್ನದೇನೂ ತಕರಾರಿಲ್ಲ.

ಆ ಉಪ್ಪಿನಕಾಯಿಗೆ ಇಡೀ ಪಂಕ್ತಿ ಎರಡನೇ ಸಲ ಕೈ ಒಡ್ಡಿತು. ಶರಣಮ್ಮ ಖಾಯಂ ಆರ್ಡರನ್ನು ಅಲ್ಲೇ ಹೇಳಿದರು. ಒಂದೇ ಷರತ್ತು. "ವನಜಕ್ಕಾ, ಭರಣಿ ನೀವಾ ತೆಗದು ಕೊಡ್ರಿ. ಈ ಯಪ್ಪಗ ಹೊತ್ತು ತರೋದಷ್ಟಾ ಕೆಲಸ."

ಮರುದಿನ ಬೆಳಿಗ್ಗೆ, ರ‍್ಯಾಕನ್ನು ಇಕ್ಬಾಲ್ ಭಾಯಿಗೆ ಮರಳಿಸುತ್ತೇನೆಂದು ನಾನು ಬಾಯಿಬಿಡುವ ಮೊದಲೇ ವನಜಾ ಅದನ್ನು ಸುತ್ತು ಹಾಕಿ ನೋಡುತ್ತಿದ್ದಳು. "ಐಡಿಯಾ ಕೆಟ್ಟದ್ದಲ್ಲ ರೀ. ನನ್ನ ಮಂಡಿಗೂ ಒಳ್ಳೇದು. ಹಿಂದೆ ಗೋಡೆ ಬೇಡ, ಕಿಟಕಿ ಇರಲಿ" ಎಂದಳು. ನಮಗೂ ಸೆಲ್ವಿ ಅಕ್ಕನ ಮನೆಗೂ ನಡುವೆ ಒಂದು ಸಂದು ಇದೆ. ಅತ್ತ ತೆರೆಯುವ ಕಿಟಕಿಯ ಸರಳುಗಳನ್ನು ತೆಗೆಸಿ, ರ‍್ಯಾಕಿನ ಬೆನ್ನನ್ನು ಅದಕ್ಕೆ ಆನಿಸಿ, ಅರ್ಧ ಇಟ್ಟಿಗೆ ಕಡಿಮೆ ಮಾಡಿಸಿ, ತಡೆಪಟ್ಟಿಯನ್ನು ಮತ್ತೆ ಹಾಕಿಸಿದಳು. ಬಟ್ಟೆಯ ಬದಲು ಮುಚ್ಚಳದ ಮೇಲೆ ಬಿಳಿ ಬಣ್ಣದ ಬೊಟ್ಟು ಬಂದಿತು.

ಈಗ ನಮ್ಮ ಮನೆಯ ರ‍್ಯಾಕು ಗೋದಾಮಿನದಕ್ಕಿಂತ ಚೆನ್ನಾಗಿ ನಡೆಯುತ್ತದೆ. ವನಜಾ ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು ಮುಂದೆ ಬಂದ ಭರಣಿಗಳನ್ನು ತೆಗೆದುಕೊಳ್ಳುತ್ತಾಳೆ. ನಾನು ಹೊರಗೆ ಸಂದಿನಲ್ಲಿ, ಸೆಲ್ವಿ ಅಕ್ಕನ ಒಣಹಾಕಿದ ಸೀರೆಗಳ ನಡುವೆ ನಿಂತು, ಕಿಟಕಿಯೊಳಗೆ ಕ್ರೇಟು ತುಂಬುತ್ತೇನೆ.

ಮೊನ್ನೆ ಸೆಲ್ವಿ ಅಕ್ಕ ಒಳಗೆ ಬಂದು ಗಾಲಿಗಳನ್ನು ಮುಟ್ಟಿ ನೋಡಿ ಮೆಚ್ಚಿಕೊಂಡರು. "ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ವನಜಾ! ಖರ್ಚು ಜಾಸ್ತಿನಾ?"

ವನಜಾ ಕಿಟಕಿಯ ಕಡೆ, ಅಂದರೆ ನನ್ನ ಕಡೆ, ಕೈ ತೋರಿಸಿದಳು.

"ಏನಿಲ್ಲ ಅಕ್ಕಾ. ಕರೆಂಟ್ ಬೇಡ, ಸಂಬಳ ಬೇಡ. ಆಗಾಗ ಒಂಚೂರು ಕೂಗ್ಬೇಕು, ಅಷ್ಟೆ!"