ಕಿನ್ನರಿಗೆ ನಾನೇ ಬಾಯಿ

ನಮ್ಮ ಮನೆಯ ಟಿವಿಗೆ ಮುಖವಿದೆ, ಬಾಯಿಲ್ಲ. ಬಾಯಿ ಕಟ್ಟಿಸಿದವಳು ನನ್ನ ಸೊಸೆ. ಅವಳು ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ರಾತ್ರಿ ಪಾಳಿ. ಊರು ಮಲಗುವ ಹೊತ್ತಿಗೆ ಹೊರಟು, ಊರು ಏಳುವ ಹೊತ್ತಿಗೆ ಬಂದು, ಕೆಲಸ ಮುಗಿಸಿ ಮಧ್ಯಾಹ್ನ ಮಲಗುತ್ತಾಳೆ. ಅವಳ ಕೋಣೆಗೂ ಹಾಲಿಗೂ ನಡುವೆ ಇರುವುದು ಒಂದು ತೆಳು ಗೋಡೆ. ಆದ್ದರಿಂದ ಮಧ್ಯಾಹ್ನ ಟಿವಿ ಹಾಕಬಹುದು, ಸೌಂಡು ಕೊಡುವಂತಿಲ್ಲ. ಇದು ರಾಜಾಜ್ಞೆ. (ರಾಜ ಎಂದರೆ ನನ್ನ ಮಗ. ಆಜ್ಞೆ ಮಾತ್ರ ಅವನದಲ್ಲ.)

ಮಗ ಲಿಫ್ಟು ರಿಪೇರಿ ಮಾಡುತ್ತಾನೆ. ಊರವರನ್ನೆಲ್ಲ ಮೇಲಕ್ಕೂ ಕೆಳಕ್ಕೂ ಸಲೀಸಾಗಿ ಕಳಿಸುತ್ತಾನೆ. ಮನೆಗೆ ಬಂದರೆ ಅವನೇ ಎರಡು ಮಹಡಿಗಳ ನಡುವೆ ನಿಂತುಹೋದ ಲಿಫ್ಟು. ಮೇಲಿನ ಮಹಡಿ ಹೆಂಡತಿ, ಕೆಳಗಿನದು ನಾನು.

ಇನ್ನು ಮೊಮ್ಮಗಳು. ಐದು ವರ್ಷದವಳು. ಒಂದು ಕಡೆ ನಿಲ್ಲದೆ ಸುತ್ತುವುದರಿಂದ ಎಲ್ಲರೂ ಅವಳನ್ನು ಬುಗುರಿ ಎಂದೇ ಕರೆಯುವುದು. ಅವಳು ನಿಲ್ಲುವುದು ಕಿನ್ನರಿಯರ ಕಾರ್ಟೂನ್ ಸಿನಿಮಾದ ಮುಂದೆ ಮಾತ್ರ. "ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ ಅಮ್ಮ" ಎಂದು ಮಗನೇ ಹಾಕಿಕೊಟ್ಟದ್ದು. ಮನೆಮಂದಿಯಲ್ಲಿ ಒಬ್ಬಳು ನಿದ್ದೆಯಲ್ಲಿ, ಒಬ್ಬ ಲಿಫ್ಟಿನಲ್ಲಿ. ಉಳಿದ ಮಂದಿ ನಾನು.

"ಅಜ್ಜಿ, ಅವಳು ಏನಂತಿದಾಳೆ?" ಎಂದಳು ಬುಗುರಿ ಮೊದಲ ದಿನ.

ಪರದೆಯ ಅಡಿಯಲ್ಲಿ ಮಾತುಗಳು ಅಕ್ಷರಗಳಾಗಿ ಓಡುತ್ತಿದ್ದವು. ನಾನು ಶಾಲೆ ಕಂಡದ್ದು ಅಷ್ಟಕ್ಕಷ್ಟೆ. ಅಕ್ಷರ ಕೂಡಿಸಿ ಕೂಡಿಸಿ 'ಅಯ್ಯೋ' ಎಂದು ಓದುವಷ್ಟರಲ್ಲಿ, ಅಯ್ಯೋ ಎಂದವಳು ಕಾಡು ದಾಟಿ, ನದಿ ದಾಟಿ, ಬೇರೆ ಬಟ್ಟೆ ಹಾಕಿಕೊಂಡು ನಗುತ್ತಿದ್ದಳು. ಹಾಗಾಗಿ ಓದುವುದನ್ನು ಬಿಟ್ಟು ಬಾಯಿಗೆ ಬಂದದ್ದನ್ನು ಹೇಳಿದೆ.

ಕಥೆ ನೋಡಿದರೇ ತಿಳಿಯುವಂಥದ್ದು. ಒಬ್ಬಳು ಪುಟ್ಟ ಕಿನ್ನರಿ. ಅವಳ ರೆಕ್ಕೆ ಕಾಣೆಯಾಗಿದೆ. ಅವಳ ತಲೆ ಬಾಚಿ, ಪಕ್ಕದಲ್ಲೇ ಕೂರಿಸಿಕೊಳ್ಳುವ ಬಿಳಿಗೂದಲಿನ ಕಿನ್ನರಿಯಜ್ಜಿ. ಎಂಥ ಸಾತ್ವಿಕ ಮುಖ! (ಮೂಗು ಸ್ವಲ್ಪ ನನ್ನ ಹಾಗೇ.) ಆಮೇಲೆ ಕರಿ ನಿಲುವಂಗಿಯ ಒಬ್ಬ ಮಾಟಗಾತಿ. ದೊಡ್ಡ ಹಂಡೆಯಲ್ಲಿ ಹಸಿರಾದದ್ದೇನೋ ಕುದಿಸುತ್ತಾಳೆ. ಹಗಲೆಲ್ಲ ಮಲಗಿ, ರಾತ್ರಿ ಲಾಂದ್ರ ಹಿಡಿದು ಹೊರಗೆ ಹೋಗುತ್ತಾಳೆ.

ಹಗಲು ಮಲಗಿ ರಾತ್ರಿ ಹೋಗುವವಳ ಬಾಯಲ್ಲಿ ಯಾರ ಮಾತು ಇಡಬೇಕೆಂದು ನಾನು ಯೋಚಿಸಲಿಲ್ಲ. ತಾನಾಗಿ ಬಂತು.

"ಸ್ಟೌ ಒರೆಸಿ ಅಂತ ಎಷ್ಟು ಸಲ ಹೇಳ್ಬೇಕು? ಖಾಲಿ ಬಾಟ್ಲಿ ಫ್ರಿಜ್ಜಲ್ಲಿ ಇಟ್ಟಿದ್ಯಾರು? ಕೈ ತೊಳ್ಕೊಂಡ್ರಾ? ಸೋಪು ಹಾಕಿ ತೊಳ್ಕೊಂಡ್ರಾ?" ಎಂದು ಮಾಟಗಾತಿ ಕಾಡಿನ ಮೊಲಗಳನ್ನು ಗದರಿಸಿದಳು. ಕಿನ್ನರಿಯಜ್ಜಿ ಮಾತ್ರ, "ಆಗ್ಲಮ್ಮ, ನೀನು ಹೇಳಿದ ಹಾಗೆ. ನನಗೇನು ಗೊತ್ತಾಗುತ್ತೆ, ಮೂಲೇಲಿ ಬಿದ್ದಿರೋಳು" ಎಂದು ನಿಟ್ಟುಸಿರಿಟ್ಟಳು.

ಅದನ್ನು ದಿನವೂ ನೋಡಿದೆವು. ಪಿಸುಮಾತು ಕೇಳಿಸಬೇಕಾದರೆ ಬುಗುರಿ ನನ್ನ ಮಡಿಲಿಗೆ ಬಂದು, ಕಿವಿಯನ್ನು ನನ್ನ ತುಟಿಗೆ ಒತ್ತಿಕೊಂಡೇ ಕೂರಬೇಕಿತ್ತು. ಕೊನೆ ಬರುವ ಮೊದಲೇ ಹಾಗೆಯೇ ನಿದ್ದೆಹೋಗುತ್ತಿದ್ದಳು. ನಾನು ಟಿವಿ ಆರಿಸಿಬಿಡುತ್ತಿದ್ದೆ.

ಒಂದು ಸಂಜೆ ಸೊಸೆ ಪೆಟ್ಟಿಗೆಯೊಂದನ್ನು ತಂದಳು. "ಮಗೂಗೆ ಹೆಡ್‌ಫೋನ್ ಅತ್ತೆ. ಇನ್ನು ನೀವು ಪಿಸಪಿಸ ಅಂತ ಗಂಟಲು ಒಣಗಿಸ್ಕೊಳ್ಳೋದು ಬೇಡ. ಅವಳ ಪಾಡಿಗೆ ಅವಳು ನೋಡ್ಕೋತಾಳೆ."

ಅವಳ ಪಾಡಿಗೆ ಅವಳು! ಎರಡು ಕಿವಿಗೂ ಮುಚ್ಚಳ ಹಾಕಿಕೊಂಡು ಸೋಫಾದ ಆ ತುದಿಯಲ್ಲಿ ಕೂತ ಬುಗುರಿ ನನ್ನ ಕಣ್ಣ ಮುಂದೆ ಬಂದಳು. ಈ ತುದಿಯಲ್ಲಿ ನಾನು, ನನ್ನ ಮಡಿಲು, ಎರಡೂ ಖಾಲಿ.

ಮರುದಿನ ಹೆಡ್‌ಫೋನು ಮಾಯ. ಮನೆಯೆಲ್ಲ ಜಾಲಾಡಿದರು. ಹುಡುಕುವುದರಲ್ಲಿ ನಾನೇ ಮುಂದು. ಸೊಂಟ ನೋವನ್ನೂ ಲೆಕ್ಕಿಸದೆ ನನ್ನ ಮಂಚದ ಕೆಳಗೂ ಬಗ್ಗಿ ನೋಡಿದೆ. ಅಲ್ಲಿದ್ದ ನನ್ನ ಟ್ರಂಕನ್ನು ಮಾತ್ರ ತೆರೆಯಲಿಲ್ಲ. (ಶಾಲಿನೊಳಗೆ ಸುತ್ತಿಟ್ಟವಳಿಗೆ ಮತ್ತೆ ನೋಡುವುದೇನಿದೆ?)

ಭಾನುವಾರ ಸೊಸೆಗೂ ರಜೆ, ಮಗನಿಗೂ ರಜೆ. "ಎಲ್ಲರೂ ಸೇರಿ ಬುಗುರಿ ಸಿನಿಮಾ ನೋಡೋಣ, ಸೌಂಡ್ ಹಾಕ್ಕೊಂಡು" ಎಂದ ಮಗ.

ಮಾಟಗಾತಿ ಬಾಯಿ ತೆರೆದಳು. ಏನೋ ಮೆಲ್ಲಗೆ, ಇಂಪಾಗಿ ಹೇಳಿದಳು. ಬುಗುರಿ ಕಿರುಚಿದಳು: "ಅಯ್ಯೋ, ಟಿವಿ ತಪ್ಪು ಹೇಳ್ತಿದೆ! ಸೌಂಡ್ ತೆಗಿ ಅಪ್ಪ, ನಾನು ಸರಿಯಾಗಿ ಹೇಳ್ತೀನಿ."

"ಬೇಡ ಬಿಡೋ, ಮಗೂಗೆ ಗಂಟಲು..." ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬುಗುರಿ ಟಿವಿಯ ಪಕ್ಕ ಸೊಂಟಕ್ಕೆ ಕೈಯಿಟ್ಟು ನಿಂತಳು. ಸ್ಟೌ ಬಂತು. ಬಾಟ್ಲಿ ಬಂತು. ಸೋಪು ಬಂತು. ನನ್ನ ನಿಟ್ಟುಸಿರು ಕೂಡ, ಒಂದಿಷ್ಟೂ ಸೋರದೆ, ಬಂತು.

"ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ" ಎಂದು ಸೊಸೆ ಗಂಡನ ಕಡೆ ತಿರುಗಿದಳು. "ನಿಮಗೆ ಹಾಗನ್ನಿಸ್ಲಿಲ್ವಾ?"

"ನನಗೇನೂ ಕೇಳಿಸ್ಲಿಲ್ಲ" ಎಂದ ಮಗ. "ಸೌಂಡ್ ಆಫ್ ಇದೆ."

"ಹಾಗಾದ್ರೆ ಹಾಕಿ. ಕೊನೇನಾದ್ರೂ ಕೇಳೋಣ."

ಆ ಕೊನೆಯನ್ನು ನಾನು ಕಂಡೇ ಇರಲಿಲ್ಲ. ಕರಿ ನಿಲುವಂಗಿಯವಳು ಮಾಟಗಾತಿಯೇ ಅಲ್ಲವಂತೆ, ಕಾಡಿನ ವೈದ್ಯೆಯಂತೆ! ಹಂಡೆಯಲ್ಲಿದ್ದದ್ದು ಔಷಧಿ. ರಾತ್ರಿ ಹೋಗುತ್ತಿದ್ದದ್ದು ಕಾಯಿಲೆಯವರನ್ನು ನೋಡುವುದಕ್ಕೆ. ಮತ್ತೆ ರೆಕ್ಕೆ ಕದ್ದವರು ಯಾರು? ಆ ಸಾತ್ವಿಕ ಮುಖದ ಕಿನ್ನರಿಯಜ್ಜಿ ಮಂಚದ ಕೆಳಗಿನಿಂದ ಒಂದು ಪೆಟ್ಟಿಗೆ ಎಳೆದಳು. ಒಳಗೆ ಮಡಿಸಿಟ್ಟ ರೆಕ್ಕೆ!

"ನೀನು ಹಾರಿಹೋದರೆ ನನ್ನ ಪಕ್ಕ ಕೂರುವವರು ಯಾರು ಅಂತ ನಾನೇ ಕದ್ದೆ ಮಗೂ" ಎಂದು ಆ ಮುದುಕಿ ಅತ್ತಳು. ಈ ಮಾತು ನಾನು ಕಟ್ಟಿದ್ದಲ್ಲ, ಟಿವಿಯೇ ಹೇಳಿದ್ದು.

ಬುಗುರಿ ಟಿವಿ ನೋಡಿದಳು. ನನ್ನನ್ನು ನೋಡಿದಳು. ಚಾಟಿ ಬಿಟ್ಟ ಹಾಗೆ ನನ್ನ ಕೋಣೆಗೆ ನುಗ್ಗಿದಳು. ಟ್ರಂಕಿನ ಮುಚ್ಚಳ ಕಿರ್ರೆಂದಿತು.

"ರೆಕ್ಕೆ ಇರ್ಲಿಲ್ಲ ಅಜ್ಜಿ" ಎಂದಳು ಹೊರಗೆ ಬಂದು. "ಇದಿತ್ತು."

ಮಗ ಎದ್ದು ನಿಂತ. "ಎಲ್ಲೋ ಲಿಫ್ಟ್ ಕೆಟ್ಟಿದೆಯಂತೆ, ಫೋನ್ ಬಂತು" ಎಂದು ಚಪ್ಪಲಿ ಮೆಟ್ಟಿದ. ಫೋನು ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು.

ಸೊಸೆ ಹೆಡ್‌ಫೋನನ್ನು ಸೆರಗಿನಿಂದ ಒರೆಸಿ ತನ್ನ ಕಿವಿಗೇ ಹಾಕಿಕೊಂಡಳು. "ಇದು ನನಗೇ ಇರ್ಲಿ ಅತ್ತೆ. ಗೋಡೆ ತೆಳು. ನೀವು ಮಾಟಗಾತಿ ಆದಾಗೆಲ್ಲ ನಗು ತಡ್ಕೊಂಡು ತಡ್ಕೊಂಡು ನನಗೆ ನಿದ್ದೇನೇ ಬರಲ್ಲ."

"ನಿನಗೆ... ಕೇಳಿಸ್ತಿತ್ತಾ?"

"ಮೊದಲನೇ ದಿನದಿಂದ. ಆದ್ರೆ ನಾನು ಸೋಪಿನ ವಿಷಯ ಎರಡೆರಡು ಸಲ ಕೇಳಲ್ಲ."

"ಕೇಳ್ತೀಯ" ಎಂದೆ. ಮಾನ ಹೋದರೂ ಸತ್ಯ ಬಿಡಲಾಗುತ್ತದೆಯೇ?

ಈಗ ಟಿವಿಗೆ ಮತ್ತೆ ಬಾಯಿಲ್ಲ. ಬುಗುರಿಯ ಕಿವಿ ಮತ್ತೆ ನನ್ನ ತುಟಿಗೆ ಬಂದಿದೆ. ಆದರೆ ಅವಳಿಗೆ ಈಗ ನಿಜವಾದ ಕಥೆಯೇ ಬೇಕು. ಕೊನೆಯವರೆಗೂ ಕಣ್ಣು ಮುಚ್ಚುವುದಿಲ್ಲ. ಪೆಟ್ಟಿಗೆಯ ಸೀನು ಬಂದಾಗ, "ನಾನೇ ಕದ್ದೆ ಮಗೂ" ಎಂದು ದಿನವೂ ಒಪ್ಪಿಕೊಳ್ಳುತ್ತೇನೆ.

"ಹಾಗಲ್ಲ ಅಜ್ಜಿ, ಅಳ್ತಾ ಹೇಳು."

ಅಳುತ್ತಾ ಹೇಳುತ್ತೇನೆ. ಗೋಡೆಯ ಆಚೆ ಕಿಸಕ್ಕನೆ ನಗು ಕೇಳಿಸುತ್ತದೆ. ಎರಡೂ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಮಲಗಿದವಳಿಗೆ ಸರಿಯಾಗಿ ಅದೇ ಹೊತ್ತಿಗೆ ನಗು ಹೇಗೆ ಬರುತ್ತದೆಂಬುದು ಮಾತ್ರ ನನಗಿನ್ನೂ ತಿಳಿದಿಲ್ಲ.