ಅಕ್ಕನ ಅಳತೆಯ ನಾರು

ನನ್ನ ಅಕ್ಕನಿಗೆ ತಲೆ ಸರಿಯಿಲ್ಲ ಎಂದು ಹೇಳುವವರು ನಮ್ಮ ಊರಿನಲ್ಲಿ ಇದ್ದಾರೆ. ಹಾಗೆ ಹೇಳುವ ಒಬ್ಬೊಬ್ಬರ ಸೊಂಟದ ಸುತ್ತಳತೆಯೂ ಅಕ್ಕನಿಗೆ ಗೊತ್ತಿದೆ!

ಅಕ್ಕ ಇನ್ನಂಜೆ ಕಡೆಯ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟು ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವವಳು. ಆದ್ದರಿಂದ ಈ ಬರಹದಲ್ಲಿ ಬುದ್ಧಿಯ ಮಾತುಗಳಿದ್ದರೆ ಅವಳವು, ತಪ್ಪುಗಳಿದ್ದರೆ ನನ್ನವು. ಒಂದು ದೊಡ್ಡ ತಪ್ಪು ಬರಲಿಕ್ಕಿದೆ. ಅದನ್ನು ಹೇಳಿಕೊಳ್ಳಲೆಂದೇ ಬರೆಯಲು ಕೂತದ್ದು.

ಎರಡು ವರ್ಷದ ಹಿಂದೆ ಮಣಿಪಾಲದಲ್ಲಿ ಶಿಕ್ಷಕರಿಗೆ ಒಂದು ತರಬೇತಿ ಇತ್ತು. ಮಕ್ಕಳಿಗೆ ಬೊಜ್ಜು ಬರುವುದನ್ನು ಪ್ರಾಥಮಿಕ ಶಾಲೆಯಲ್ಲೇ ತಡೆಯಬೇಕು ಎನ್ನುವುದು ವಿಷಯ. ಬೇರೆಯವರೆಲ್ಲ ಹೋದರು, ಕೇಳಿದರು, ಊಟ ಮಾಡಿ ಬಂದರು. ಅಕ್ಕ ಮಾತ್ರ ಊಟದ ತಟ್ಟೆಯಲ್ಲಿ ಎರಡೆರಡು ಸ್ವೀಟು ಯಾಕೆ ಎಂದು ಎಲ್ಲರ ಎದುರು ಕೇಳಿ ಬಂದಳು. ಆಮೇಲೆ ಅವಳನ್ನು ಯಾವ ತರಬೇತಿಗೂ ಕರೆದ ನೆನಪು ನನಗಿಲ್ಲ.

ಆದರೆ ಒಂದು ತರಬೇತಿ ಅವಳಿಗೆ ಧಾರಾಳ ಸಾಕಾಗಿತ್ತು! ಮರುದಿನದಿಂದ ಶಾಲೆಯಲ್ಲಿ ಮಗ್ಗಿಯನ್ನು ಹಾರಿಕೊಂಡೇ ಹೇಳಬೇಕಾಯಿತು. ಏಳೊಂದ್ಲ ಏಳು ಎಂದರೆ ಒಂದು ಹಾರು, ಏಳೆರಡ್ಲ ಹದಿನಾಲ್ಕು ಎಂದರೆ ಇನ್ನೊಂದು. ತಪ್ಪಿದವರು ಮೊದಲಿನಿಂದ ಹಾರಬೇಕು. ಹಾಗಾಗಿ ಲೆಕ್ಕದಲ್ಲಿ ಹಿಂದೆ ಇದ್ದವರು ಮೂರು ತಿಂಗಳಲ್ಲಿ ಸಪೂರ ಆದರು. ಒಮ್ಮೆ ಶಾಲೆ ನೋಡಲು ಬಂದ ಸಾಹೇಬರು ಒಬ್ಬ ಹುಡುಗಿಯನ್ನು, "ಏಳೆಂಟ್ಲ ಎಷ್ಟಮ್ಮ?" ಎಂದು ಕೇಳಿದರು. ಅವಳು ಎದ್ದು ನಿಂತು ಧಡಧಡ ಹಾರತೊಡಗಿದಳು. ಸಾಹೇಬರು ಹೆದರಿ ಕುರ್ಚಿ ಹಿಂದೆ ಸರಿಸಿದರು.

"ಏನಾಯಿತು ಈ ಮಗುವಿಗೆ?"

"ಎಂತ ಆಗಲಿಲ್ಲ ಸರ್, ಲೆಕ್ಕ ಮಾಡ್ತಾ ಇದ್ದಾಳೆ. ಎಂಟು ಹಾರಲಿಕ್ಕುಂಟು, ಸ್ವಲ್ಪ ಕಾಯಿರಿ," ಎಂದಳು ಅಕ್ಕ.

ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚುವುದೂ ನಿಂತಿತು. ಹುಟ್ಟುಹಬ್ಬದ ಮಗು ಮುಳ್ಳುಸೌತೆ ಹಂಚಬೇಕು! ದುಬೈಯಿಂದ ರಜೆಗೆ ಬಂದ ಒಬ್ಬ ತಂದೆ ಇದು ಗೊತ್ತಿಲ್ಲದೆ ದೊಡ್ಡ ಡಬ್ಬಿ ಚಾಕಲೇಟು ಹಿಡಿದುಕೊಂಡು ಶಾಲೆಗೆ ಬಂದರು.

"ಕೊಡುವ, ಅದಕ್ಕೆಂತ," ಎಂದಳು ಅಕ್ಕ. "ಒಂದು ಚಾಕಲೇಟಿಗೆ ಮೈದಾನಕ್ಕೆ ಒಂದು ಸುತ್ತು ಓಟ. ತಂದವರು ಮೊದಲು ಓಡಿ ತೋರಿಸಬೇಕು, ಅಲ್ವಾ?"

ಇಡೀ ಶಾಲೆ ಚಪ್ಪಾಳೆ ತಟ್ಟಿತು. ಪಾಪ, ಅವರು ಎರಡು ಸುತ್ತು ಓಡಿದರು, ಮೂರನೆಯದಕ್ಕೆ ಧ್ವಜಕಂಬ ಹಿಡಿದು ನಿಂತರು. ಮುಂದಿನ ರಜೆಯಲ್ಲಿ ಬಂದಾಗ ಶಾಲೆಗೆ ಇಪ್ಪತ್ತು ಸ್ಕಿಪ್ಪಿಂಗ್ ಹಗ್ಗ ತಂದರು.

ಇನ್ನು ಅಳತೆಯ ವಿಷಯ. ಮೊದಲು ಅಕ್ಕ ತೂಕದ ಮೆಷಿನು, ಇಂಚುಪಟ್ಟಿ ಎಲ್ಲ ತಂದಿದ್ದಳು. ಆದರೆ ಮಕ್ಕಳು ಒಬ್ಬರ ತೂಕವನ್ನು ಇನ್ನೊಬ್ಬರು ಕೂಗಿ ಹೇಳಿ ನಗಾಡಿದರು. ಒಬ್ಬ ಹುಡುಗ ಅತ್ತುಕೊಂಡು ಮನೆಗೆ ಹೋದ. ಅದೇ ಸಂಜೆ ಅಕ್ಕ ನಮ್ಮ ಮನೆಗೆ ಬಂದಳು. ಅವಳ ಮನೆ ನಮ್ಮ ಪಕ್ಕದ್ದೇ.

"ನಿನ್ನ ಹತ್ತಿರ ಬಾಳೆನಾರು ಉಂಟಲ್ಲ, ಕೊಡು ಮಾರಾಯ್ತಿ."

ನಾವು ಮಲ್ಲಿಗೆ ಕಟ್ಟುವುದು ಬಾಳೆಯ ನಾರಿನಲ್ಲಿ. ಅದರಲ್ಲಿ ನಂಬರು ಇಲ್ಲ, ಕೂಗಿ ಹೇಳಲು ಏನೂ ಇಲ್ಲ. ಮಗುವಿನ ಎತ್ತರದಷ್ಟು ನಾರು ಕತ್ತರಿಸುವುದು, ಅದನ್ನು ಅರ್ಧಕ್ಕೆ ಮಡಚುವುದು, ಸೊಂಟಕ್ಕೆ ಸುತ್ತುವುದು. ಎರಡು ತುದಿ ಕೂಡಿದರೆ, ಅಂದರೆ ಸೊಂಟ ಎತ್ತರದ ಅರ್ಧವನ್ನು ಮೀರದಿದ್ದರೆ, ಆಯಿತು. ಕೂಡದಿದ್ದರೆ ಆ ಮಗು 'ಸಂಜೆ ತಂಡ'ಕ್ಕೆ. ಅಂದರೆ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಅಕ್ಕನ ಜೊತೆ ಲಗೋರಿ, ಕಬಡ್ಡಿ. ಯಾಕೆ ಎಂದು ಮಕ್ಕಳಿಗೆ ಹೇಳುವುದಿಲ್ಲ. ಮನೆಯವರಿಗೆ ಮಾತ್ರ ಅಕ್ಕ ಹೋಗಿ ಹೇಳುತ್ತಾಳೆ, ಅಡುಗೆಮನೆಯ ಡಬ್ಬಿಗಳನ್ನೂ ಬಿಚ್ಚಿ ನೋಡುತ್ತಾಳೆ.

ಈ ಹುಚ್ಚು ಶಾಲೆಯಲ್ಲೇ ನಿಲ್ಲಲಿಲ್ಲ. ಕಾರ್ಕಳದಲ್ಲಿ ಒಂದು ಮದುವೆಯ ಊಟದ ಸಾಲಿನಲ್ಲಿ ನಮ್ಮ ಮಾವನನ್ನು ನಿಲ್ಲಿಸಿ, ಕೈಚೀಲದಿಂದ ನಾರು ತೆಗೆದು ಅಳೆದೇಬಿಟ್ಟಳು. ಎರಡು ತುದಿಗಳ ನಡುವೆ ಒಂದು ಹೋಳಿಗೆ ಇಡುವಷ್ಟು ಜಾಗ ಇತ್ತು. ಮಾವ ಆ ಜಾಗಕ್ಕೆ ನಿಜವಾಗಿಯೂ ಒಂದು ಹೋಳಿಗೆ ಇಟ್ಟು ತೋರಿಸಿದರು, ಆಮೇಲೆ ಅದನ್ನೂ ತಿಂದರು!

ಈಗ ನನ್ನ ತಪ್ಪು.

ನನ್ನ ಮಗ ಧನುಷ್ ಅಕ್ಕನ ಶಾಲೆಯಲ್ಲೇ ನಾಲ್ಕನೆಯ ಕ್ಲಾಸು. ಗಂಡ ಮಸ್ಕತ್ತಿನಲ್ಲಿ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ದು, ಕಟ್ಟಿ, ಹೊತ್ತಿಗೆ ಸರಿಯಾಗಿ ಹೂ ತೆಗೆದುಕೊಳ್ಳುವವರ ಕಟ್ಟೆಗೆ ಮುಟ್ಟಿಸಬೇಕು. ಎರಡು ಕೈಯೂ ಹೂವಿನಲ್ಲಿ. ಮಗು ಅತ್ತರೆ ಎತ್ತಿಕೊಳ್ಳಲು ಮೂರನೆಯ ಕೈ ಎಲ್ಲಿಂದ ತರುವುದು? ಅವನಿಗೆ ಎರಡು ವರ್ಷವಿರುವಾಗಲೇ ಒಂದು ಬಿಸ್ಕತ್ತಿನ ಪ್ಯಾಕೆಟ್ಟು ಬಿಚ್ಚಿ ಎದುರಿಗೆ ಇಟ್ಟೆ. ಅಳು ನಿಂತಿತು. ಮರುದಿನವೂ ಇಟ್ಟೆ. ಆಮೇಲೆ ಚಿಪ್ಸು. ಏಳು ವರ್ಷ ಹೀಗೆ ಮಗನನ್ನು ಸುಮ್ಮನಿರಿಸಿದೆ. ಪ್ಯಾಕೆಟ್ಟುಗಳನ್ನು ಅಕ್ಕನಿಗೆ ಕಾಣದಂತೆ ಅಕ್ಕಿಯ ಡ್ರಮ್ಮಿನೊಳಗೆ ಇಡುತ್ತಿದ್ದೆ.

ಅಕ್ಕ ಒಂದು ಶನಿವಾರ ಎಲ್ಲ ಮಕ್ಕಳ ಎತ್ತರಕ್ಕೆ ನಾರು ಕತ್ತರಿಸಿ, ಹೆಸರಿನ ಚೀಟಿ ಕಟ್ಟಿ, ನನಗೆ ತಂದು ಕೊಟ್ಟಳು. ನಾರು ಒಣಗಿದರೆ ಸಿಗಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಇಡಬೇಕು, ಅದು ನನ್ನ ಕೆಲಸ. ಸೋಮವಾರ ಸೊಂಟ ಅಳೆಯುವುದೆಂದು ಇತ್ತು. ಭಾನುವಾರ ಮಗ ಮಲಗಿ ಟಿವಿ ನೋಡುವಾಗ ನಾನು ಅವನ ನಾರನ್ನು ಮಡಚಿ ಸುತ್ತಿ ನೋಡಿದೆ. ಮೂರು ಬೆರಳು ಕಡಿಮೆ!

ನಾನು ಏನು ಮಾಡಿದೆ? ಅದೇ ಬಣ್ಣದ ನಾರು ಹುಡುಕಿ ಆರು ಬೆರಳಿನಷ್ಟು ಸೇರಿಸಿದೆ. ಮೂವತ್ತು ವರ್ಷ ಹೂ ಕಟ್ಟಿದ ಕೈ. ಗಂಟು ಎಲ್ಲಿದೆ ಎಂದು ನನಗೇ ಮತ್ತೆ ಸಿಗಲಿಲ್ಲ.

ಸೋಮವಾರ ಧನುಷನ ನಾರಿನ ತುದಿಗಳು ಚೆನ್ನಾಗಿ ಕೂಡಿದವು. ಅಷ್ಟೇ ಅಲ್ಲ, ನಾರಿನ ಪ್ರಕಾರ ಅವನು ನಾಲ್ಕನೆಯ ಕ್ಲಾಸಿಗೇ ಎತ್ತರದ ಹುಡುಗನಾದ! ಸಾಲಿನಲ್ಲಿ ನಿಂತರೆ ಐದನೆಯವನು, ನಾರಿನಲ್ಲಿ ಮೊದಲನೆಯವನು. ಅಕ್ಕ ನಾರನ್ನು ಅನುಮಾನಿಸಲಿಲ್ಲ, ಹುಡುಗನನ್ನು ಅನುಮಾನಿಸಿದಳು. "ಬಗ್ಗಿ ನಿಲ್ತಿ ನೀನು. ನೆಟ್ಟಗೆ ನಿಲ್ಲು ಧನು, ನೆಟ್ಟಗೆ!" ಎಂದು ದಿನಾ ಗದರಿದಳು. ಮಸ್ಕತ್ತಿಗೂ ಫೋನಿನಲ್ಲಿ ಸುದ್ದಿ ಕೊಟ್ಟಳು. ಗಂಡ ಸಂತೋಷದಿಂದ ಆ ಎತ್ತರದ ಪ್ಯಾಂಟು ಕಳಿಸಿದರು. ನಾನು ಅದನ್ನು ಒಳಗೆ ಮಡಚಿ ಹೊಲಿದೆ. ಒಂದು ಸುಳ್ಳಿಗೆ ಎಷ್ಟು ಹೊಲಿಗೆ ನೋಡಿ!

ಸಂಜೆ ತಂಡಕ್ಕೆ ಸೇರದ ಮಗ ನಾಲ್ಕು ಗಂಟೆಗೆ ಮನೆಗೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. "ಅಮ್ಮ, ದೊಡ್ಡಮ್ಮ ನನ್ನನ್ನು ಯಾಕೆ ಲಗೋರಿಗೆ ಸೇರಿಸುವುದಿಲ್ಲ? ನಾನು ಎಂತ ತಪ್ಪು ಮಾಡಿದೆ?" ಎಂದು ಕೇಳುತ್ತಿದ್ದ. ನಾನು ಚಿಪ್ಸು ಕೊಡುತ್ತಿದ್ದೆ.

ಕೆಲವು ತಿಂಗಳ ಮೇಲೆ ಶಾಲೆಯವರು ಕಾರ್ಕಳದ ಗೊಮ್ಮಟಬೆಟ್ಟಕ್ಕೆ ಪ್ರವಾಸ ಹೋದರು. ಬೆಟ್ಟದ ಬುಡದಲ್ಲಿ ಅಕ್ಕ, "ನಾರಿನಲ್ಲಿ ಮೊದಲನೆಯವನು ಮುಂದೆ ಹೋಗಲಿ," ಎಂದು ಧನುಷನ ಕೈಗೆ ಶಾಲೆಯ ಬಾವುಟ ಕೊಟ್ಟಳಂತೆ. ಜೀವಮಾನದಲ್ಲಿ ಅವನಿಗೆ ಸಿಕ್ಕಿದ ಮೊದಲ ಮರ್ಯಾದೆ. ನಿಲ್ಲದೆ ಓಡಿ ಹತ್ತಿದ. ಮೆಟ್ಟಿಲು ಅರ್ಧ ಆಗುವಾಗ ತುಟಿ ಬಿಳಿಚಿಕೊಂಡು ಕೂತ, ವಾಂತಿ ಮಾಡಿದ. ಬಾವುಟ ಮಾತ್ರ ಕೆಳಗೆ ಬಿಡಲಿಲ್ಲವಂತೆ. ಅಕ್ಕ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿದಳು.

ಸಂಜೆ ಅವನನ್ನು ಮಲಗಿಸಿ ಅಕ್ಕ ನನ್ನ ಪಕ್ಕ ಜಗಲಿಯಲ್ಲಿ ಕೂತಳು. 

"ನಾಳೆ ಮಣಿಪಾಲಕ್ಕೆ ಕರ್ಕೊಂಡು ಹೋಗುವ. ನಾರಿನಲ್ಲಿ ಎಲ್ಲ ಸರಿ ಉಂಟು. ಹಾಗಾದರೆ ಅವನ ಎದೆಯಲ್ಲಿ ಎಂತದೋ ಉಂಟು," ಎಂದಳು. ಊರಿಗೆಲ್ಲ ಹೆದರಿಕೆ ಹುಟ್ಟಿಸಿದ ನನ್ನ ಅಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ನನಗೆ ಇನ್ನು ತಡೆಯಲು ಆಗಲಿಲ್ಲ. "ಅಕ್ಕ, ಎದೆಯಲ್ಲಿ ಎಂತ ಇಲ್ಲ. ನಾರಿನಲ್ಲಿ ಉಂಟು," ಎಂದೆ.

ಎಲ್ಲ ಹೇಳಿದೆ. ಆರು ಬೆರಳು, ಅಕ್ಕಿಯ ಡ್ರಮ್ಮು, ಏಳು ವರ್ಷ. ಅವಳು ಬೈಯುತ್ತಾಳೆ ಎಂದು ಕಾದೆ. ಅವಳು ಬೈಯಲಿಲ್ಲ. "ನಿನಗೆ ನನ್ನ ಹತ್ತಿರ ಹೇಳ್ಲಿಕ್ಕೆ ಇಷ್ಟು ಹೆದರಿಕೆ ಉಂಟು ಅಂತ ನನಗೆ ಗೊತ್ತಿರಲಿಲ್ಲ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಣಿಪಾಲಕ್ಕೆ ಹೇಗೂ ಹೋದೆವು. ಡಾಕ್ಟರರು ಎಲ್ಲ ನೋಡಿ, "ಹೃದಯ ಗಟ್ಟಿ ಉಂಟು. ಪ್ಯಾಕೆಟ್ ನಿಲ್ಲಿಸಿ, ಆಡಲಿಕ್ಕೆ ಬಿಡಿ, ನಿಧಾನಕ್ಕೆ ಸರಿಯಾಗ್ತಾನೆ," ಎಂದರು. ಅವರು ಮಾತಾಡುವಷ್ಟು ಹೊತ್ತೂ ಅಕ್ಕ ಅವರ ಹೊಟ್ಟೆಯನ್ನೇ ನೋಡುತ್ತಿದ್ದಳು. ನಾನು ಅವಳ ಕೈಚೀಲದ ಜಿಪ್ಪನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಮರುದಿನ ಬೆಳಿಗ್ಗೆ ನಾನು ಹೂ ಕಟ್ಟಲು ಕೂತಾಗ ಅಕ್ಕ ಬಂದಳು. ನನ್ನ ಮಡಿಲಿನಿಂದ ಹೂವಿನ ಬುಟ್ಟಿಯನ್ನು ಎಳೆದುಕೊಂಡಳು.

"ಏಳು. ಅವನನ್ನು ಕರ್ಕೊಂಡು ಗದ್ದೆಯ ದಾರಿಯಲ್ಲಿ ನಡೆದು ಬಾ. ಶಾಲೆಗೆ ಹೊರಡುವವರೆಗೆ ನಾನು ಕಟ್ತೇನೆ."

"ನಿನಗೆ ಬರುವುದಿಲ್ಲ ಅಕ್ಕ."

"ಕಲೀತೇನೆ. ನೀನು ಹೋಗು."

ಅವಳು ಕಟ್ಟಿ ಸುತ್ತಿದ ಮಲ್ಲಿಗೆಯ ಚೆಂಡನ್ನು ಕಟ್ಟೆಯವರು ತಿರುಗಿಸಿ ನೋಡಿ, "ಎಂತ ಇದು, ಯಾರು ಕಟ್ಟಿದ್ದು? ಶಾಲೆಯ ಮಕ್ಕಳಾ?" ಎಂದರು. "ಅಲ್ಲ, ಟೀಚರ್," ಎಂದೆ.

ಈಗ ದಿನಾ ಬೆಳಿಗ್ಗೆ ನಾನು, ಮಗ ಇಬ್ಬರೇ ಗದ್ದೆಯ ಬದುವಿನ ಮೇಲೆ ನಡೆಯುತ್ತೇವೆ. ಅವನಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಮೊದಲ ದಿನ ಅವನು ಏದುಸಿರು ಬಿಡುತ್ತ ಐದು ಸಲ ನಿಂತ. ನಾನೂ ನಿಂತೆ. ನಿನ್ನೆ ಒಂದೇ ಸಲ ನಿಂತ. ಅದೂ ಹಿಂದೆ ಉಳಿದ ನನ್ನನ್ನು ಕಾಯಲು.