ಮಿಲಿಟ್ರಿಗೆ ಸೇರುವ ಪ್ರಾಯ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ಸೋಮವಾರ. ಆಗ ಐದನೇ ಕ್ಲಾಸು. ಮಾಷ್ಟ್ರು ಬೋರ್ಡಿನಲ್ಲಿ ಭಾಗಾಕಾರ ಬರೆಯಲಿಕ್ಕೆ ಬೆನ್ನು ತಿರುಗಿಸಿದರು, ನಾನು ಕಿಟಕಿ ದಾಟಿದೆ. ಮಡಕೆ ತುಂಬಿದ ಎತ್ತಿನ ಗಾಡಿಯೊಂದರ ಹಿಂದೆ ನಡೆಯುತ್ತಾ ನಡೆಯುತ್ತಾ ಬಂಟ್ವಾಳದಿಂದ ಬೆಳ್ತಂಗಡಿ ಮುಟ್ಟಿದೆ. ಆ ಭಾಗಾಕಾರದ ಉತ್ತರ ಎಷ್ಟು ಬಂತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅಲ್ಲಿಂದ ನನ್ನ ಕಾಲು ನಿಂತದ್ದಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತೆ, ಬೊಂಬಾಯಿಯ ಹೋಟೆಲಿನಲ್ಲಿ ದೋಸೆ ಮಗುಚಿದೆ, ಮೂಡಬಿದ್ರೆ ಲೈನಿನ ಬಸ್ಸಿನಲ್ಲಿ ಕ್ಲೀನರ್ ಆದೆ. ಕ್ಲೀನರ್ ಕೆಲಸಕ್ಕೆ ನನ್ನಂಥವನು ಸಿಗುವುದು ಕಷ್ಟ. ನನ್ನ ಕೈ ಅಷ್ಟು ಉದ್ದ; ಬಸ್ಸಿನ ಟಾಪಿನಲ್ಲಿ ಮಲಗಿಕೊಂಡೇ ಕೆಳಗಿದ್ದವರ ತಲೆಯ ಮೇಲೆ ಬುಟ್ಟಿ ಇಡುತ್ತಿದ್ದೆ. ಆದರೂ ಯಾವ ಕೆಲಸವೂ ವರ್ಷ ದಾಟಲಿಲ್ಲ. ಮನಸ್ಸಿನಲ್ಲಿ ಗಟ್ಟಿ ಕೂತದ್ದು ಒಂದೇ: ಮಿಲಿಟ್ರಿ. ಅನ್ನ, ಬಟ್ಟೆ, ರೈಲು ಟಿಕೇಟು ಎಲ್ಲ ಕೊಟ್ಟು ತಿರುಗಾಡು ಎಂದು ಹೇಳುವ ಕೆಲಸ ಭೂಮಿಯ ಮೇಲೆ ಬೇರೆ ಉಂಟಾ?

ಹಾಗಾಗಿ ಭರ್ತಿಯವರ ಜೀಪು ಈ ಕಡೆ ಬಂದಾಗಲೆಲ್ಲ ನಾನು ಎಲ್ಲಿದ್ದರೂ ಓಡಿ ಬಂದು ಸಾಲಿನಲ್ಲಿ ನಿಂತೆ. ಪ್ರತಿ ಸಲವೂ ಏನಾದರೊಂದು ಆಯಿತು. ನಿನಗೇ ಯಾಕೆ ಆಗುತ್ತದೆ ಎಂದು ಕೇಳುತ್ತಾರೆ. ಸಾಲಿನಲ್ಲಿ ನಿಂತವನಿಗೆ ಆಗದೆ ಮನೆಯಲ್ಲಿ ಮಲಗಿದವನಿಗೆ ಆಗುತ್ತದಾ?

೧. ಎರಡು ಡಜನ್ ಕದಳಿ

ಶಾಲೆಯ ಸರ್ಟಿಫಿಕೇಟಿನ ಪ್ರಕಾರ ನನಗೆ ಹದಿನೆಂಟು ತುಂಬಿದ ವರ್ಷ. ಭರ್ತಿಯವರು ಮೂಡಬಿದ್ರೆಗೆ ಬರುತ್ತಾರೆಂದು ಸುದ್ದಿ. ಹಿಂದಿನ ದಿನ ಬಿ.ಸಿ.ರೋಡಿನ ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ ಕೂತು ನೋಡಿದರೆ ಬೇಕಾದದ್ದಕ್ಕಿಂತ ನಾಲ್ಕು ಪೌಂಡು ಕಮ್ಮಿ. ಪಕ್ಕದ ಹೋಟೆಲಿನ ಭಟ್ಟರು ಧೈರ್ಯ ಹೇಳಿದರು:

"ಅದೊಂದು ದೊಡ್ಡ ವಿಷಯವಾ ಮಾರಾಯ? ಬೆಳಿಗ್ಗೆ ಎರಡು ಡಜನ್ ಕದಳಿ ಹಣ್ಣು ತಿನ್ನು, ಮೇಲಿಂದ ಎರಡು ಚೊಂಬು ನೀರು ಕುಡಿ. ತೂಕ ಎಲುಬಿನದ್ದೋ ಬಾಳೆಹಣ್ಣಿನದ್ದೋ ಅಂತ ತಕ್ಕಡಿ ಕೇಳುತ್ತದಾ?"

ತಿಂದೆ, ಕುಡಿದೆ, ಬಸ್ಸು ಹತ್ತಿದೆ. ಬಂಟ್ವಾಳದಿಂದ ಮೂಡಬಿದ್ರೆಗೆ ಎಷ್ಟು ತಿರುವು ಉಂಟು ಎಂದು ಅವತ್ತು ನನ್ನ ಹೊಟ್ಟೆ ಒಂದೊಂದಾಗಿ ಎಣಿಸಿತು. ಹೇಗೋ ಬಾಯಿ ಮುಚ್ಚಿಕೊಂಡು ಹೋಗಿ ತಕ್ಕಡಿಯ ಮೇಲೆ ನಿಂತೆ. ತೂಕ ಸರಿ! ಮುಂದಿನ ಮೇಜಿನಲ್ಲಿ ಮಿಲಿಟ್ರಿ ಡಾಕ್ಟರು ಎದೆಗೆ ಟೇಪು ಸುತ್ತಿ, "ಉಸಿರು ಎಳೆ" ಅಂದರು. ಎಳೆದೆ. ಗಾಳಿಗೆ ಒಳಗೆ ಜಾಗ ಎಲ್ಲಿ? ಎದೆ ಇದ್ದಲ್ಲಿಯೇ ಇತ್ತು, ಹೊಟ್ಟೆ ಮುಂದೆ ಬಂತು.

"ಇನ್ನೂ ಎಳೆ."

ಎಳೆದೆ. ಒಳಗಿನಿಂದ ಒಂದು ತೇಗು ಬಂತು. ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದು ಕೇಳಿದರು:

"ಕದಳಿಯಾ?"

"ಹೌದು ಸಾರ್."

"ಎಷ್ಟು?"

"ಇಪ್ಪತ್ತನಾಲ್ಕು ಸಾರ್."

ಅವರು ಟೇಪು ಮಡಚಿದರು. "ಎದೆ ಎರಡು ಇಂಚು ಉಬ್ಬಬೇಕು ಅಂತ ಕಾನೂನು. ಹೊಟ್ಟೆ ಉಬ್ಬಬೇಕು ಅಂತ ಇದ್ದಿದ್ದರೆ ನಿನ್ನನ್ನು ಇವತ್ತೇ ಮೇಜರ್ ಮಾಡುತ್ತಿದ್ದೆ."

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು; ಅಮ್ಮ ಸ್ನಾನ ಮಾಡಿ, ತೆಂಗಿನಕಾಯಿ ಹಿಡಿದು ದೈವದ ಗುಡಿಗೆ ಹೊರಟಿದ್ದರು. "ನಿನಗೆ ಮಿಲಿಟ್ರಿ ಸಿಗಬಾರದು ಅಂತ ಹರಕೆ ಹೊತ್ತಿದ್ದೆ. ಎಷ್ಟು ಬೇಗ ನಡೆಸಿಕೊಟ್ಟಿತು ನೋಡು!"

ಇಪ್ಪತ್ತನಾಲ್ಕು ಹಣ್ಣು ತಿಂದವನು ನಾನು. ಹೆಸರು ದೈವಕ್ಕೆ.

೨. ಮನೆಯ ಯಜಮಾನರು ಯಾರು?

ಮರುವರ್ಷ ಬೆಳ್ತಂಗಡಿಯಲ್ಲಿ. ಈ ಸಲ ಬರಿಹೊಟ್ಟೆ. ಬೊಂಬಾಯಿಯ ದೋಸೆ ಮೈಗೆ ಹತ್ತಿತ್ತು. ತೂಕ ಸರಿ, ಎದೆ ಸರಿ, ಓಟ ಸರಿ. ಉಳಿದದ್ದು ಒಂದು ಫಾರಮು. ನನ್ನ ಪ್ರಾಯದವರಿಗೆ ಹಿರಿಯರ ಒಪ್ಪಿಗೆ ಬೇಕಂತೆ. ಅದು ಗೊತ್ತಿದ್ದೇ ನಾನು ಮಾವನನ್ನು ಕರೆದುಕೊಂಡು ಹೋಗಿದ್ದೆ. ನಮ್ಮದು ಅಳಿಯಸಂತಾನದ ಮನೆ. ಯಜಮಾನ ಎಂದರೆ ಅಮ್ಮನ ಅಣ್ಣ. ಅಪ್ಪ ತಮ್ಮ ಅಕ್ಕನ ಮನೆಯ ಗದ್ದೆ ನೋಡಿಕೊಂಡು ನಮ್ಮಲ್ಲಿಗೆ ಬಂದುಹೋಗಿ ಮಾಡುವವರು. ಊರಿನಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಫಾರಮು ತುಂಬಿಸಲು ಕೂತ ಹವಾಲ್ದಾರ ಪಂಜಾಬಿನ ಕಡೆಯವನು. ಅವನು ಹಿಂದಿಯಲ್ಲಿ ಕೇಳುವುದು, ಭರ್ತಿಯ ಗುಮಾಸ್ತರು ಅದನ್ನು ನಮಗೆ ಹೇಳುವುದು.

"ಇವರು ನಿನ್ನ ತಂದೆಯಾ?"

"ಅಲ್ಲ. ನಮ್ಮ ಯಜಮಾನರು."

"ತಂದೆ ತೀರಿಕೊಂಡಿದ್ದಾರಾ?"

"ಇಲ್ಲ ಇಲ್ಲ. ಗಟ್ಟಿಮುಟ್ಟಾಗಿ ಇದ್ದಾರೆ."

"ಮನೆ ಬಿಟ್ಟು ಹೋಗಿದ್ದಾರಾ?"

"ಅವರ ಮನೆಯಲ್ಲೇ ಇದ್ದಾರೆ. ಮೊನ್ನೆ ನಮ್ಮಲ್ಲಿಗೆ ಊಟಕ್ಕೂ ಬಂದಿದ್ದರು."

ಹವಾಲ್ದಾರ ಪೆನ್ನು ಕೆಳಗಿಟ್ಟು ತಲೆ ಹಿಡಿದುಕೊಂಡ. ತಂದೆ ಬರಲೇಬೇಕು ಅಂದ. ಮರುದಿನ ಅಪ್ಪನನ್ನೂ ಕರೆದುಕೊಂಡು ಹೋದೆ. ಅಪ್ಪ ಪೆನ್ನು ಕೈಗೆ ತೆಗೆದುಕೊಂಡು ಮಾವನ ಮುಖ ನೋಡಿದರು:

"ಇವನ ವಿಷಯದಲ್ಲಿ ನಾನು ಮೂಗು ಹಾಕುವುದು ಸರಿಯಲ್ಲ. ಭಾವ ಇದ್ದಾರಲ್ಲ."

ಮಾವ ಗಂಟಲು ಸರಿಮಾಡಿಕೊಂಡರು. "ನಾನು ಯಜಮಾನ ಹೌದು. ಆದರೆ ತಂಗಿಯ ಮಗ. ಅವಳ ಮಾತು ಮೀರಿ ನಾನು ಯಾವುದಕ್ಕೂ ರುಜು ಹಾಕುವುದಿಲ್ಲ."

"ತಂಗಿ ಏನು ಹೇಳುತ್ತಾರೆ?"

"ಬೇಡ ಅಂತ."

ಗುಮಾಸ್ತರು ಫಾರಮನ್ನು ನನ್ನ ಕೈಗೆ ವಾಪಸು ಕೊಟ್ಟರು. "ನಿಮ್ಮ ಮನೆಯ ಜನರಲ್ ಯಾರು ಅಂತ ಈಗ ಗೊತ್ತಾಯಿತು. ಅವರ ಆರ್ಡರ್ ತೆಗೆದುಕೊಂಡು ಬಾ ಮಾರಾಯ."

ಜನರಲ್ ಅವತ್ತು ಸಂಜೆ ಎರಡನೆಯ ತೆಂಗಿನಕಾಯಿ ಒಡೆದರು.

೩. ಕೇಳುವವರು, ಹೇಳುವವನು

ಎರಡು ಸಲ ವಾಪಸು ಬಂದ ಮೇಲೆ ನನಗೆ ಒಂದು ಹೊಸ ಮರ್ಯಾದೆ ಸಿಕ್ಕಿತು. ಮಿಲಿಟ್ರಿಗೆ ಏನೇನು ಬೇಕು ಎಂದು ಪೂರ್ತಿ ಗೊತ್ತಿದ್ದವನು ಇಡೀ ತಾಲೂಕಿನಲ್ಲಿ ನಾನೊಬ್ಬನೇ. ಅದರಲ್ಲೂ ಚೀನಾದ ಯುದ್ಧ ಆದ ಮೇಲೆ, ನಾನು ಊರಿನಲ್ಲಿದ್ದೇನೆಂದು ತಿಳಿದರೆ ಸಾಕು, ಬಿ.ಸಿ.ರೋಡಿನ ಭಟ್ಟರ ಹೋಟೆಲಿಗೆ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಬೆಳ್ತಂಗಡಿಯ ಒಬ್ಬ ಗಿಡ್ಡ ಯುವಕ ಕೇಳಿದ್ದು: "ಎತ್ತರ ಅಳೆಯುವಾಗ ತಲೆಯಲ್ಲಿ ಮುಟ್ಟಾಳೆ ಇರಬಹುದಾ?" ಅಡಿಕೆ ಹಾಳೆಯ ಟೊಪ್ಪಿಯನ್ನು ಎಷ್ಟು ಎತ್ತರಿಸಿದರೂ ಅಳೆಯುವುದು ತಲೆಯನ್ನು ಎಂದೆ. ಅವನು ಬೇಸರದಿಂದ, "ನಾನು ಇವತ್ತಿನವರೆಗೂ ಟೊಪ್ಪಿ ತೆಗೆದವನಲ್ಲ" ಅಂದ.

ಮಾಣಿ ಊರಿನ ಒಬ್ಬ ಗೇಣಿದಾರನ ಚಿಂತೆ ರಜೆಯದ್ದು. "ನಾಟಿಗೆ ಹದಿನೈದು ದಿವಸ, ಕೊಯ್ಲಿಗೆ ಹದಿನೈದು ದಿವಸ ಬಿಡ್ತಾರಲ್ಲ? ನಡುವೆ ಎಷ್ಟು ಯುದ್ಧ ಬೇಕಾದರೂ ಮಾಡ್ತೇನೆ."

ಮೂಡಬಿದ್ರೆಯ ಜೈನರ ಮನೆಯ ಯುವಕ ಬಹಳ ಮೆಲ್ಲಗೆ ಕೇಳಿದ: "ನಮಗೆ ಸೂರ್ಯ ಮುಳುಗುವ ಮೊದಲು ಊಟ ಆಗಬೇಕು. ಅಲ್ಲಿ ಅದಕ್ಕೆ ಅನುಕೂಲ ಉಂಟಾ?" ಕಾಫಿ ಸೋಸುತ್ತಿದ್ದ ಭಟ್ಟರೇ ಹೇಳಿದರು: "ನಮ್ಮವರು ಬಿಡಬಹುದು. ಚೀನಾದವರನ್ನು ಒಂದು ಮಾತು ಕೇಳಬೇಕು."

ಅಮ್ಮಂದಿರದ್ದು ಮಾತ್ರ ಒಂದೇ ಪ್ರಶ್ನೆ. ವಿಟ್ಲದಿಂದ ಬಂದರೂ ಅದೇ, ಮಾಣಿಯಿಂದ ಬಂದರೂ ಅದೇ: "ಅಲ್ಲಿ ಕುಚ್ಚಲಕ್ಕಿ ಉಂಟಾ?" ಇಲ್ಲ, ಚಪಾತಿ ಎಂದು ನಾನು ನೇರವಾಗಿ ಹೇಳುತ್ತಿದ್ದೆ. ಗುಂಡು ತಾಗುತ್ತದೆ ಎಂದರೆ ಅಲುಗದವರು ಗಂಜಿ ಇಲ್ಲ ಎಂದರೆ ಸೆರಗಿನಲ್ಲಿ ಕಣ್ಣು ಒರೆಸುತ್ತಿದ್ದರು.

ಒಬ್ಬ ಅಡಿಕೆ ವ್ಯಾಪಾರಿ ಅಂತೂ ಮಗನಿಗಾಗಿ ಒಂದೂವರೆ ಗಂಟೆ ಕೇಳಿದರು. ಹಲ್ಲು ಎಷ್ಟಿರಬೇಕು, ಪಾದ ಚಪ್ಪಟೆ ಇದ್ದರೆ ಏನು, ಕನ್ನಡಕ ಆಗುತ್ತದಾ, ಎಷ್ಟು ಕ್ಲಾಸು ಓದಿರಬೇಕು. ಎಲ್ಲದಕ್ಕೂ ಪಟಪಟ ಹೇಳಿದೆ. ಎದ್ದು ಹೋಗುವಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟೆಲ್ಲ ಗೊತ್ತುಂಟು. ಮತ್ತೆ ನೀವು ಯಾಕೆ ಇಲ್ಲೇ ಇದ್ದೀರಿ?"

೪. ಹನ್ನೆರಡು ಜನ, ಒಂದು ಹುಟ್ಟಿದ ದಿನ

ಆ ಪ್ರಶ್ನೆ ನನ್ನನ್ನು ಚುಚ್ಚಿತು. ನಾನು ಬೆಳ್ತಂಗಡಿಯಿಂದ ವಾಪಸು ಬಂದು ಆರು ವರ್ಷ ಆದ ಮೇಲೆ ಭರ್ತಿಯವರು ಪುನಃ ಈ ಕಡೆ, ಬಂಟ್ವಾಳಕ್ಕೆ ಬಂದಾಗ ಸಾಲಿನಲ್ಲಿ ಮೊದಲಿಗೇ ನಿಂತೆ. ಈಗ ನಾನು ಬೆಳೆದವನು, ಯಾರ ರುಜುವೂ ಬೇಡ. ನನ್ನ ಹಿಂದೆ ನಮ್ಮ ಶಾಲೆಯಲ್ಲಿ ಕಲಿತವರೇ ಹನ್ನೊಂದು ಜನ. ಮೇಜಿನ ಹಿಂದೆ ಉತ್ತರದ ಕಡೆಯ ಕ್ಯಾಪ್ಟನ್, ಪಕ್ಕದಲ್ಲಿ ಬೆಳ್ತಂಗಡಿಯಲ್ಲಿ ಕಂಡ ಅದೇ ಗುಮಾಸ್ತರು.

ಕ್ಯಾಪ್ಟನ್ ಮೊದಲ ಸರ್ಟಿಫಿಕೇಟು ನೋಡಿದರು: ಹುಟ್ಟಿದ ದಿನ ಜೂನ್ ಒಂದು. ಎರಡನೆಯದು: ಜೂನ್ ಒಂದು. ಐದನೆಯದಕ್ಕೆ ಅವರ ಹುಬ್ಬು ಮೇಲೆ ಹೋಯಿತು. ಹನ್ನೆರಡನ್ನೂ ಮೇಜಿನ ಮೇಲೆ ಹರಡಿ ಕೇಳಿದರು:

"ಇವರೆಲ್ಲ ಒಂದೇ ತಾಯಿಯ ಮಕ್ಕಳಾ?"

"ಅಲ್ಲ ಸಾರ್. ಒಂದೇ ಹೆಡ್‌ಮಾಷ್ಟ್ರ ಶಿಷ್ಯರು" ಎಂದರು ಗುಮಾಸ್ತರು.

ಮಗು ಹುಟ್ಟಿದ ತಾರೀಕು ನಮ್ಮ ಅಮ್ಮಂದಿರಿಗೆ ಯಾರಿಗೆ ಗೊತ್ತು? ಹೆಡ್‌ಮಾಷ್ಟ್ರ ಹತ್ತಿರ ಒಂದೇ ಪರೀಕ್ಷೆ ಇತ್ತು. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಆರು ವರ್ಷ; ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಮುಟ್ಟಿದವರಿಗೆಲ್ಲ ಶಾಲೆ ತೆರೆಯುವ ಜೂನ್ ಒಂದನ್ನೇ ಹುಟ್ಟಿದ ದಿನ ಎಂದು ಬರೆದುಬಿಡುತ್ತಿದ್ದರು.

ಕ್ಯಾಪ್ಟನ್ ನಕ್ಕರು. ನನ್ನದರ ಇಸವಿ ನೋಡಿ ನಗು ನಿಲ್ಲಿಸಿದರು. "ಇವನಿಗೆ ಇಪ್ಪತ್ತೈದು ದಾಟಿ ನಾಲ್ಕು ತಿಂಗಳಾಗಿದೆ. ಆಗುವುದಿಲ್ಲ."

ಗುಮಾಸ್ತರಿಗೇ ಅಯ್ಯೋ ಅನ್ನಿಸಿತು. "ನಾಲ್ಕು ತಿಂಗಳು ತಡವಾಗಿ ಹುಟ್ಟಲಿಕ್ಕೆ ನಿನಗೆ ಏನಾಗಿತ್ತು ಮಾರಾಯ?"

"ಹೆಡ್‌ಮಾಷ್ಟ್ರಿಗೆ ಪುರುಸೊತ್ತು ಇದ್ದದ್ದು ಆ ದಿನವೇ ಸಾರ್" ಎಂದೆ.

೫. ಅಮ್ಮನ ಸಾಕ್ಷಿ

ತೂಕ ಕಮ್ಮಿ ಇದ್ದರೆ ಹೆಚ್ಚು ಮಾಡಬಹುದು. ಪ್ರಾಯ ದಾಟಿದರೆ ಮುಗಿಯಿತು, ಆ ಬಾಗಿಲು ಇನ್ನು ತೆರೆಯುವುದಿಲ್ಲ. ಮನೆಗೆ ಬಂದು ಜಗಲಿಯಲ್ಲಿ ಕೂತವನು ಮೂರು ವಾರ ಏಳಲಿಲ್ಲ.

ಅಮ್ಮ ಮೊದಲ ವಾರ ಖುಷಿಯಲ್ಲಿದ್ದರು. ತೆಂಗಿನಕಾಯಿಯೂ ಒಡೆದು ಆಯಿತು. ಎರಡನೆಯ ವಾರ ಪಕ್ಕದ ಮನೆಯವರು ಬೇಲಿಯಿಂದ ಕೇಳಿದರು, "ಮಗ ಇದ್ದಾನಾ?"

"ಇದ್ದಾನೆ."

"ಇನ್ನೂ?"

ಮೂರನೆಯ ವಾರ ಅಮ್ಮ ಹೆದರಿ ಪಂಡಿತರನ್ನು ಕರೆಸಿದರು. "ಮೂರು ದಿವಸ ಮನೆಯಲ್ಲಿ ನಿಂತವನಲ್ಲ ಪಂಡಿತರೇ. ಈಗ ಮೂರು ವಾರ ಆಯಿತು. ಏನೋ ದೊಡ್ಡ ಕಾಯಿಲೆ." ಪಂಡಿತರು ನಾಡಿ ಹಿಡಿದು, ನಾಲಗೆ ನೋಡಿ, ಇದಕ್ಕೆ ತಮ್ಮಲ್ಲಿ ಕಷಾಯ ಇಲ್ಲ ಎಂದು ಚೀಲ ಮುಚ್ಚಿದರು.

ಮರುದಿನ ಭರ್ತಿಯ ಜೀಪು ಬಂಟ್ವಾಳಕ್ಕೆ ಪುನಃ ಬಂತು. ಅಮ್ಮ ಮದುವೆಮನೆಗೆ ಉಡುವ ಸೀರೆ ಉಟ್ಟು ನನ್ನ ಮುಂದೆ ನಿಂತರು. "ಏಳು, ಹೋಗುವ."

ನೇರ ಕ್ಯಾಪ್ಟನ್ ಮೇಜಿಗೆ ಹೋಗಿ ತುಳುವಿನಲ್ಲಿ ಶುರು ಮಾಡಿದರು. ಗುಮಾಸ್ತರು ಹಿಂದಿ ಮಾಡುತ್ತಾ ಹೋದರು.

"ಇವನ ಪ್ರಾಯ ಸುಳ್ಳು. ಎರಡು ವರ್ಷ ನಾನು ಹೆಚ್ಚು ಹೇಳಿದ್ದು."

ಇದು ನನಗೂ ಹೊಸತು.

"ನಾಲ್ಕು ವರ್ಷಕ್ಕೇ ಇವನು ಮನೆ ಬಿಟ್ಟು ಹೋಗಿದ್ದ, ಒಂದು ಗುರುವಾರ. ಪಾಣೆಮಂಗಳೂರಿನಲ್ಲಿ ಹೊಳೆ ದಾಟುವ ಸಂಕದ ನಡುವೆ ಸಿಕ್ಕಿದ. ಶಾಲೆಯಲ್ಲಾದರೂ ಹಿಡಿದು ಕೂರಿಸುತ್ತಾರೆ ಅಂತ ಆರು ವರ್ಷ ಎಂದು ಹೇಳಿ ಸೇರಿಸಿದೆ. ಹೆಡ್‌ಮಾಷ್ಟ್ರು ಕಿವಿ ಮುಟ್ಟಲಿಕ್ಕೆ ಹೇಳಿದರು. ಇವನು ಮುಟ್ಟಿದ."

ಕ್ಯಾಪ್ಟನ್ ತಲೆ ಅಲ್ಲಾಡಿಸಿದರು. "ನಾಲ್ಕು ವರ್ಷದವನ ಕೈ ಅಲ್ಲಿಗೆ ಮುಟ್ಟುವುದಿಲ್ಲ."

"ತೋರಿಸು" ಎಂದರು ಅಮ್ಮ.

ನಾನು ಬಲಗೈಯನ್ನು ತಲೆಯ ಮೇಲಿಂದ ತಂದೆ. ಬೆರಳು ಎಡಗಿವಿ ದಾಟಿ, ದವಡೆ ದಾಟಿ, ಕುತ್ತಿಗೆಯ ಬುಡದಲ್ಲಿ ನಿಂತಿತು. ಕ್ಯಾಪ್ಟನ್ ಟೊಪ್ಪಿ ತೆಗೆದಿಟ್ಟು ತಾವೂ ಪ್ರಯತ್ನ ಮಾಡಿದರು. ಕಿವಿ ಮಾತ್ರ ಸಿಕ್ಕಿತು. ಹವಾಲ್ದಾರ ಮಾಡಿದ, ಗುಮಾಸ್ತರು ಮಾಡಿದರು, ಸಾಲಿನಲ್ಲಿದ್ದವರೆಲ್ಲ ಮಾಡಿದರು. ರಸ್ತೆಯಲ್ಲಿ ಹೋಗುತ್ತಿದ್ದವರು ಇದು ಮಿಲಿಟ್ರಿಯ ಹೊಸ ಸಲಾಂ ಎಂದು ತಿಳಿದು ನಿಂತು ತಾವೂ ಹೊಡೆದರು.

ಕ್ಯಾಪ್ಟನ್ ಕೈ ಇಳಿಸಿ ಕೊನೆಯ ಪ್ರಶ್ನೆ ಕೇಳಿದರು: "ಆಗ ಸುಳ್ಳು ಹೇಳಿದವರು ಈಗ ನಿಜ ಹೇಳುತ್ತಿದ್ದೀರಿ ಅಂತ ಹೇಗೆ ನಂಬುವುದು?"

ಅಮ್ಮನಿಗೆ ಸಿಟ್ಟು ಬಂತು. "ಈಗ ಸುಳ್ಳು ಹೇಳುವ ಮನಸ್ಸಿದ್ದರೆ ಇವನಿಗೆ ಐವತ್ತು ವರ್ಷ ಅಂತ ಹೇಳುತ್ತಿದ್ದೆ!"

ಗುಮಾಸ್ತರಿಗೆ ನಗು ತಡೆದು ಅದನ್ನು ಹಿಂದಿ ಮಾಡಲಿಕ್ಕೆ ಮೂರು ಸಲ ಬೇಕಾಯಿತು. ಕ್ಯಾಪ್ಟನ್ ನಗಲಿಲ್ಲ. ಎದ್ದು ನಿಂತು ಅಮ್ಮನಿಗೆ ತಮ್ಮ ಕುರ್ಚಿ ಕೊಟ್ಟರು, ಹೆಡ್‌ಮಾಷ್ಟ್ರನ್ನು ಕರೆಸಿ ಎಂದರು.

ಪೆನ್ಶನ್ ಆಗಿದ್ದ ಹೆಡ್‌ಮಾಷ್ಟ್ರು ಕೊಡೆ ಹಿಡಿದುಕೊಂಡು ಬಂದರು. ತಪ್ಪು ಒಪ್ಪಿದರು, ತಿದ್ದಿ ಬರೆದುಕೊಡಲಿಕ್ಕೆ ಕೂತರು. "ಸರಿಯಾದ ದಿನ ಹೇಳಿ ಅಮ್ಮ."

"ಅವತ್ತು ನಮ್ಮ ಕಪ್ಪು ದನ ಕರು ಹಾಕಿತ್ತು. ಹಟ್ಟಿಯ ಮಾಡು ಸೋರುತ್ತಿತ್ತು" ಎಂದರು ಅಮ್ಮ.

ಹೆಡ್‌ಮಾಷ್ಟ್ರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಮತ್ತೆ ಪೆನ್ನು ಶಾಯಿಗೆ ಅದ್ದಿ, ಎರಡು ವರ್ಷ ಈಚೆಗೆ ತಂದು, ಚಂದದ ಅಕ್ಷರದಲ್ಲಿ ಬರೆದರು: ಜೂನ್ ಒಂದು.

ತೂಕ, ಎದೆ, ಓಟ ಮೂರೂ ಸರಿಯಾಗಿ ನಾನು ಭರ್ತಿಯಾದೆ. ನಾಡಿದ್ದು ಬೆಳಿಗ್ಗೆ ರೈಲು. ಈಗ ತಗಡಿನ ಪೆಟ್ಟಿಗೆ ಜಗಲಿಯಲ್ಲಿ ತೆರೆದು ಇಟ್ಟಿದ್ದೇನೆ.

"ಈ ಸಲ ಏನು ಹರಕೆ ಹೊತ್ತಿದ್ದೆ?" ಎಂದು ಅಮ್ಮನನ್ನು ಕೇಳಿದೆ.

"ಎರಡೂ ಹೊತ್ತಿದ್ದೆ. ಸಿಗಲಿ ಅಂತ ಒಂದು, ಸಿಗದಿರಲಿ ಅಂತ ಒಂದು. ಮತ್ತೆ ದೈವಕ್ಕೆ ಬಿಟ್ಟದ್ದು."

ಹಾಗೆ ಹೇಳುತ್ತಾ ಒಳಗಿನಿಂದ ಒಂದು ಗಂಟು ತಂದು ಪೆಟ್ಟಿಗೆಯ ನಡುವಿಗೆ ಇಟ್ಟರು. ಮೂರು ಸೇರು ಕುಚ್ಚಲಕ್ಕಿ. "ಇದು ಮುಗಿಯುವಷ್ಟರಲ್ಲಿ ಅವರೇ ಎಲ್ಲಿಂದಾದರೂ ತರಿಸುತ್ತಾರೆ, ಅಲ್ಲವಾ?"

ಊರಿನ ಅಮ್ಮಂದಿರಿಗೆಲ್ಲ ಇಲ್ಲ, ಚಪಾತಿ ಎಂದು ಮುಖಕ್ಕೆ ಹೇಳಿದವನು ನಾನು. "ತರಿಸುತ್ತಾರೆ ಅಮ್ಮ" ಎಂದೆ. ಮುಚ್ಚಳ ಕೂರಲಿಲ್ಲ. ಎರಡು ಅಂಗಿ ಹೊರಗೆ ತೆಗೆದು, ಅಕ್ಕಿಯನ್ನು ಒತ್ತಿ, ಪೆಟ್ಟಿಗೆ ಮುಚ್ಚಿದೆ.